ಬೈತಲೆ ಬದಲಿಸುವುದು ಹೇಗೆ? ಕೂದಲ ಬುಡದಿಂದ ಶುರುಮಾಡಿ

ಬೈತಲೆಯನ್ನು ನಮ್ಮಲ್ಲಿ ಹೆಚ್ಚಿನವರು ಯೋಚಿಸಿ ಆರಿಸಿಕೊಂಡಿರುವುದಿಲ್ಲ. ಚಿಕ್ಕಂದಿನಲ್ಲಿ ತಲೆ ಬಾಚುತ್ತಿದ್ದವರು ಎಲ್ಲಿ ಗೆರೆ ಎಳೆದರೋ ಅಲ್ಲೇ ಅದು ಉಳಿದುಬಿಡುತ್ತದೆ. ದೊಡ್ಡವರಾದ ಮೇಲೂ ಬಾಚಣಿಗೆ ಹಿಡಿದ ಕೈ ತಾನಾಗಿ ಅದೇ ಜಾಗಕ್ಕೆ ಹೋಗುತ್ತದೆ. ಎಂದೋ ಒಂದು ದಿನ ಗೆರೆಯನ್ನು ಎರಡು ಬೆರಳಿನಷ್ಟು ಆಚೆ ಸರಿಸಿ ನೋಡಿದರೆ ಮುಖದ ಕಳೆಯೇ ಬೇರೆಯಾಗಿ ಕಾಣುತ್ತದೆ. ಆದರೆ ಸ್ವಲ್ಪ ಹೊತ್ತಿನಲ್ಲೇ ಕೂದಲು ಹಳೆಯ ಕಡೆಗೇ ವಾಲಿ ಬಿದ್ದಿರುತ್ತದೆ. ‘ನನ್ನ ಕೂದಲಿಗೆ ಬೇರೆ ಬೈತಲೆ ಕೂರುವುದೇ ಇಲ್ಲ’ ಎಂದು ಅಲ್ಲಿಗೇ ಕೈಬಿಡುವವರು ಬಹಳ.

ಕೂರುತ್ತದೆ. ಒಣಗಿದ ಕೂದಲಿನ ಮೇಲೆ ಬರೀ ಬಾಚಣಿಗೆ ಎಳೆದದ್ದರಿಂದ ಕೂರಲಿಲ್ಲ, ಅಷ್ಟೇ. ಬೈತಲೆ ನಿಲ್ಲುವುದು ಕೂದಲ ಬುಡದಲ್ಲಿ. ಬುಡ ಒದ್ದೆಯಿರುವಾಗ ಅದಕ್ಕೆ ದಿಕ್ಕು ಕೊಟ್ಟು, ಆರುವವರೆಗೆ ಅದೇ ದಿಕ್ಕಿನಲ್ಲಿ ಹಿಡಿದಿಟ್ಟರೆ ಹಟಮಾರಿ ಕೂದಲೂ ಬಹುಮಟ್ಟಿಗೆ ಮಾತು ಕೇಳುತ್ತದೆ.

ಕಾರಣ ಕೂದಲಿನ ರಚನೆಯಲ್ಲೇ ಇದೆ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರ ಎಳೆಗಳನ್ನು ಒಂದಕ್ಕೊಂದು ಹಿಡಿದಿಡುವ ಬಂಧಗಳಲ್ಲಿ ಹೈಡ್ರೋಜನ್ ಬಂಧಗಳು ನೀರು ತಾಗಿದಾಗ ಸಡಿಲಗೊಳ್ಳುತ್ತವೆ, ನೀರು ಆರಿದಾಗ ಮತ್ತೆ ಬಿಗಿಯುತ್ತವೆ. ಬಿಗಿಯುವ ಹೊತ್ತಿನಲ್ಲಿ ಕೂದಲು ಹೇಗೆ ಬಾಗಿತ್ತೋ ಆ ಬಾಗನ್ನೇ ಉಳಿಸಿಕೊಳ್ಳುತ್ತದೆ. ಮತ್ತೆ ಒದ್ದೆಯಾದರೆ ಆ ಬಾಗು ಹೋಯಿತು. ಬೆವರಿದಾಗ, ಮಳೆಯಲ್ಲಿ ನೆನೆದಾಗ ಬೆಳಗ್ಗೆ ಕೂರಿಸಿದ ಬೈತಲೆ ಕದಲುವುದು ಇದರಿಂದಲೇ.

ಮೊದಲು ಸುಳಿ ಹುಡುಕಿ

ಗೆರೆ ಎಲ್ಲಿ ಎಳೆಯಬೇಕು ಎಂದು ಯೋಚಿಸುವ ಮೊದಲು ನಿಮ್ಮ ಕೂದಲು ಸ್ವಂತವಾಗಿ ಎತ್ತ ಹೋಗುತ್ತದೆ ಎಂದು ತಿಳಿದುಕೊಳ್ಳಿ. ತಲೆಸ್ನಾನ ಮಾಡಿ, ಟವೆಲಿನಿಂದ ನೀರು ಒತ್ತಿ ತೆಗೆದು, ಹಣೆಯಿಂದ ಹಿಂದಕ್ಕೆ ಎಲ್ಲ ಕೂದಲನ್ನೂ ನೇರವಾಗಿ ಬಾಚಿ. ಈಗ ಅಂಗೈಯನ್ನು ನೆತ್ತಿಯ ಹಿಂಭಾಗದ ಮೇಲಿಟ್ಟು ಕೂದಲನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ. ಮುಂದಲೆಯಲ್ಲಿ ಒಂದು ಕಡೆ ಕೂದಲು ತಾನಾಗಿ ಇಬ್ಭಾಗವಾಗುತ್ತದೆ. ಅದು ನಿಮ್ಮ ಸಹಜ ಬೈತಲೆ. ಮುಂದೆ ಯಾವ ಶೈಲಿ ಮಾಡಿದರೂ ಅಳತೆಗೆ ಇದೇ ಆಧಾರ: ಸಹಜ ಗೆರೆಗೆ ಹತ್ತಿರವಿದ್ದಷ್ಟೂ ಕೆಲಸ ಹಗುರ, ದೂರ ಹೋದಷ್ಟೂ ಬುಡವನ್ನು ಹೆಚ್ಚು ಹೊತ್ತು ಹಿಡಿದಿಡಬೇಕು.

ಇನ್ನೊಂದು ಕನ್ನಡಿ ಹಿಡಿದು, ಅಥವಾ ಮೊಬೈಲಿನಲ್ಲಿ ಫೋಟೊ ತೆಗೆದು, ಹಿಂದಿನ ಸುಳಿಯನ್ನೂ ನೋಡಿಕೊಳ್ಳಿ. ಹೆಚ್ಚಿನವರಲ್ಲಿ ಸುಳಿ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿರುತ್ತದೆ, ಕೆಲವರಲ್ಲಿ ಅದಕ್ಕೆ ವಿರುದ್ಧ. ಎರಡು ಸುಳಿ ಇರುವವರೂ ಇದ್ದಾರೆ. ಗಡಿಯಾರದ ದಿಕ್ಕಿನ ಸುಳಿಯಿದ್ದರೆ ಅದರ ಮುಂದಿನ ಕೂದಲು ನಿಮ್ಮ ಬಲಕ್ಕೆ ವಾಲುತ್ತದೆ. ಹಾಗಾಗಿ ಎಡ ಬೈತಲೆ ಸಲೀಸಾಗಿ ಕೂರುತ್ತದೆ. ವಿರುದ್ಧ ಸುಳಿಯವರಿಗೆ ಬಲ ಬೈತಲೆ ಸುಲಭ. ತುಂಡು ಕೂದಲಿನವರಿಗೆ ಇದು ಬಹಳ ಮುಖ್ಯ, ಏಕೆಂದರೆ ಅಲ್ಲಿ ಸುಳಿಯನ್ನು ಅದುಮಿಡಲು ಕೂದಲಿನ ಭಾರವೇ ಇರುವುದಿಲ್ಲ. ಉದ್ದ ಕೂದಲಿದ್ದರೆ ಸುಳಿಯ ಹಟವನ್ನು ಅದರ ತೂಕವೇ ಅರ್ಧ ಇಳಿಸುತ್ತದೆ.

ಹಣೆಯ ಅಂಚಿನಲ್ಲೂ ಕೆಲವರಿಗೆ ಸುಳಿ ಇರುತ್ತದೆ, ಅಲ್ಲಿ ಒಂದು ಗೊಂಚಲು ಮೇಲಕ್ಕೆ ಎದ್ದೇ ನಿಲ್ಲುತ್ತದೆ. ಅದರ ನಡುವೆಯೇ ಗೆರೆ ಎಳೆಯುವ ಬದಲು ಅದರ ಪಕ್ಕಕ್ಕೆ ಎಳೆಯಿರಿ. ಎದ್ದು ನಿಲ್ಲುವ ಆ ಗೊಂಚಲು ಆಗ ದಟ್ಟವಾದ ಭಾಗದೊಳಗೆ ಸೇರಿ, ಮುಂದಲೆಗೆ ಒಳ್ಳೆಯ ಎತ್ತರ ಕೊಡುತ್ತದೆ.

ಬೇಕಾದ ಸಾಮಾನು

ಒಂದು ಅಗಲ ಹಲ್ಲಿನ ಬಾಚಣಿಗೆ, ಒಂದು ಚೂಪು ಬಾಲದ ಬಾಚಣಿಗೆ, ನಾಲ್ಕು ಕ್ಲಿಪ್, ನೀರು ಚಿಮುಕಿಸಲು ಒಂದು ಸ್ಪ್ರೇ ಬಾಟಲಿ. ಬಾಲದ ಬಾಚಣಿಗೆ ಇಲ್ಲದಿದ್ದರೆ ಸಾಮಾನ್ಯ ಬಾಚಣಿಗೆಯ ಕೊನೆಯ ಹಲ್ಲು ಸಾಕು.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಒದ್ದೆ ಕೂದಲು ಹೇಳಿದಂತೆ ಕೇಳುತ್ತದೆ ನಿಜ, ಆದರೆ ಎಳೆದರೆ ಹಿಗ್ಗಿ ಬೇಗ ತುಂಡಾಗುವುದೂ ಅದೇ. ಸಿಕ್ಕು ಬಿಡಿಸುವಾಗ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಲ್ಲಿ ಶುರುಮಾಡಿ, ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ಬನ್ನಿ. ಬಾಲದ ಬಾಚಣಿಗೆ ಗೆರೆ ಎಳೆಯಲು ಮಾತ್ರ. ಅದರ ಸಣ್ಣ ಹಲ್ಲನ್ನು ಒದ್ದೆ ಸಿಕ್ಕಿಗೆ ಹಾಕಬೇಡಿ.

ನಡು ಬೈತಲೆ

ಕನ್ನಡಿಗೆ ನೇರ ಮುಖ ಮಾಡಿ, ಗಲ್ಲವನ್ನು ಸ್ವಲ್ಪ ತಗ್ಗಿಸಿ ನಿಂತುಕೊಳ್ಳಿ. ಬಾಚಣಿಗೆಯ ಬಾಲವನ್ನು ಮೂಗಿನ ಮೇಲೆ ನೆಟ್ಟಗೆ ಹಿಡಿದು, ಅದರ ನೇರಕ್ಕೆ ಹಣೆಯ ಅಂಚಿನಲ್ಲಿ ಒಂದು ಬಿಂದು ಗುರುತಿಸಿ. ಅಲ್ಲಿಂದ ಬಾಲದ ತುದಿಯನ್ನು ನೆತ್ತಿಗೆ ತಾಗಿಸಿಕೊಂಡೇ, ಎತ್ತದೆ, ಒಂದೇ ಎಳೆತದಲ್ಲಿ ಹಿಂದಿನ ಸುಳಿಯವರೆಗೆ ತನ್ನಿ. ಎರಡೂ ಕೈಗಳಿಂದ ಕೂದಲನ್ನು ಅತ್ತಿತ್ತ ಬಿಡಿಸಿ, ಪ್ರತಿ ಪಕ್ಕವನ್ನೂ ಬುಡದಿಂದ ಕೆಳಕ್ಕೆ ಬಾಚಿ.

ಗೆರೆ ಸಾಮಾನ್ಯವಾಗಿ ತಪ್ಪುವುದು ಮುಂದೆ ಅಲ್ಲ, ಹಿಂದೆ. ಬಲಗೈಯವರ ಗೆರೆ ನೆತ್ತಿ ದಾಟುತ್ತಲೇ ಒಂದು ಕಡೆಗೆ ಜಾರುತ್ತದೆ, ಯಾಕೆಂದರೆ ಅಲ್ಲಿಂದ ಮೊಣಕೈ ತಿರುಗುತ್ತದೆ, ಕಣ್ಣಿಗೂ ಕಾಣುವುದಿಲ್ಲ. ಎಡಗೈಯ ತೋರುಬೆರಳನ್ನು ಮೊದಲೇ ಸುಳಿಯ ಮೇಲಿಟ್ಟುಕೊಂಡು ಬಾಚಣಿಗೆಯನ್ನು ಆ ಬೆರಳಿನ ಕಡೆಗೆ ಎಳೆದರೆ ಗೆರೆ ನೆಟ್ಟಗೆ ಬರುತ್ತದೆ.

ನಡು ಬೈತಲೆ ಇಂಥ ಆಕಾರದ ಮುಖಕ್ಕೆ ಒಪ್ಪುತ್ತದೆ, ಇಂಥದ್ದಕ್ಕೆ ಒಪ್ಪುವುದಿಲ್ಲ ಎಂಬ ಪಟ್ಟಿಗಳು ಎಲ್ಲೆಡೆ ಸಿಗುತ್ತವೆ. ನನಗೆ ಅವುಗಳಲ್ಲಿ ನಂಬಿಕೆ ಕಡಿಮೆ. ಮುಖ ದುಂಡೋ ಕೋಲೋ ಎನ್ನುವುದಕ್ಕಿಂತ ಸುಳಿ, ಹಣೆಯ ಅಂಚು, ಕೂದಲಿನ ದಟ್ಟಣೆ ಈ ಮೂರೂ ಹೆಚ್ಚು ಲೆಕ್ಕಕ್ಕೆ ಬರುತ್ತವೆ. ಒಂದು ಮಾತು ಮಾತ್ರ ನಿಜ: ಯಾರ ಮುಖದ ಎರಡು ಪಕ್ಕವೂ ಪೂರ್ತಿ ಒಂದೇ ಥರ ಇರುವುದಿಲ್ಲ, ನಟ್ಟನಡುವಿನ ಗೆರೆ ಆ ವ್ಯತ್ಯಾಸವನ್ನು ಎತ್ತಿ ತೋರಿಸುತ್ತದೆ. ಅದು ಕಣ್ಣಿಗೆ ಹಿಡಿಸದಿದ್ದರೆ ಗೆರೆಯನ್ನು ಅರ್ಧ ಸೆಂಟಿಮೀಟರ್‌ನಷ್ಟು ಪಕ್ಕಕ್ಕೆ ಸರಿಸಿ. ನೋಡುವವರಿಗೆ ಅದು ನಡು ಬೈತಲೆಯಾಗಿಯೇ ಕಾಣುತ್ತದೆ.

ಪಕ್ಕದ ಬೈತಲೆ

ಹುಬ್ಬಿನ ಅತಿ ಎತ್ತರದ ಬಾಗು ಎಲ್ಲಿದೆಯೋ ಅದರ ನೇರಕ್ಕೆ ಹಣೆಯ ಅಂಚಿನಲ್ಲಿ ಶುರುಮಾಡಿ. ಇಲ್ಲಿಂದ ಗೆರೆಯನ್ನು ನೇರ ಹಿಂದಕ್ಕೆ ಎಳೆದರೆ ಸುಳಿಯ ಪಕ್ಕದಲ್ಲಿ ಹಾದುಹೋಗಿ, ಕೊನೆಯಲ್ಲಿ ಕೂದಲು ಬಾಯಿಬಿಟ್ಟುಕೊಂಡು ನಿಲ್ಲುತ್ತದೆ. ಆದ್ದರಿಂದ ಗೆರೆಯನ್ನು ಸ್ವಲ್ಪ ಓರೆಯಾಗಿ, ಸುಳಿಯತ್ತ ಮುಖಮಾಡಿ ಎಳೆದು ಅಲ್ಲೇ ಮುಗಿಸಿ. ಸುಳಿಯಲ್ಲಿ ಕೂದಲು ಹೇಗೂ ಎಲ್ಲ ದಿಕ್ಕಿಗೂ ಹರಡಿಕೊಳ್ಳುತ್ತದೆ, ಗೆರೆ ಅಲ್ಲಿ ಸಹಜವಾಗಿ ಕರಗುತ್ತದೆ.

ಇನ್ನೂ ಆಚೆಗೆ, ಹುಬ್ಬಿನ ಹೊರತುದಿಯ ನೇರಕ್ಕೆ ಶುರುಮಾಡಿದರೆ ಅದು ಪೂರ್ತಿ ಓರೆ ಬೈತಲೆ. ಮುಕ್ಕಾಲು ಪಾಲು ಕೂದಲು ಒಂದೇ ಕಡೆಗೆ ದಾಟಿಬರುವುದರಿಂದ ಅಷ್ಟೂ ಭಾರ ಬುಡವನ್ನು ಒತ್ತಿ ಚಪ್ಪಟೆ ಮಾಡುತ್ತದೆ. ಅದಕ್ಕೊಂದು ಉಪಾಯವಿದೆ. ಗೆರೆ ತೆಗೆದ ಮೇಲೆ ದಟ್ಟ ಭಾಗದ ಬುಡವನ್ನು ಮೊದಲು ವಿರುದ್ಧ ದಿಕ್ಕಿಗೆ, ಅಂದರೆ ಗೆರೆಯನ್ನು ದಾಟಿಸಿ ಆಚೆಗೆ ಬಾಚಿ. ಮುಕ್ಕಾಲು ಭಾಗ ಒಣಗುವ ತನಕ ಹಾಗೇ ಬಿಡಿ. ಆಮೇಲೆ ಸರಿಯಾದ ಕಡೆಗೆ ಮಗುಚಿ ಪೂರ್ತಿ ಒಣಗಿಸಿ. ಬುಡ ಎದ್ದು ನಿಂತು, ಕೂದಲು ಎತ್ತರದಿಂದ ಇಳಿದು ಬರುತ್ತದೆ. ತೆಳು ಪಕ್ಕವನ್ನು ಕಿವಿಯ ಹಿಂದೆ ಒಂದು ಪಿನ್ ಹಾಕಿ ಸಿಕ್ಕಿಸಿದರೆ ಈ ಶೈಲಿ ಪೂರ್ಣವಾಗುತ್ತದೆ.

ಕ್ರಾಪು ಕೂದಲಿಗೆ ಕೆಲಸ ಬೇಗ ಮುಗಿಯುತ್ತದೆ. ಒದ್ದೆ ಕೂದಲನ್ನೆಲ್ಲ ಹಣೆಯ ಮೇಲೆ ಮುಂದಕ್ಕೆ ಬಾಚಿ, ಗೆರೆಯ ಜಾಗದಲ್ಲಿ ಬಾಚಣಿಗೆಯ ಮೂಲೆ ಹಲ್ಲನ್ನು ಊರಿ, ಮೇಲಿನ ಕೂದಲನ್ನು ಒಂದು ಕಡೆಗೆ, ಕಿವಿ ಪಕ್ಕದ್ದನ್ನು ಕೆಳಕ್ಕೆ ಬಾಚಿ. ಗೆರೆಯನ್ನು ಟ್ರಿಮ್ಮರಿನಿಂದ ಬೋಳಿಸಿಕೊಳ್ಳುವ ಶೈಲಿಯೂ ಇದೆ. ನೋಡಲು ಅಚ್ಚುಕಟ್ಟು, ಆದರೆ ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ ಎಂಬುದನ್ನು ಮರೆಯಬೇಡಿ. ಆ ಗೆರೆ ಕೆಲವೇ ದಿನಗಳಲ್ಲಿ ಮಸುಕಾಗುತ್ತದೆ, ಬೆಳೆಯುವಾಗ ಅಲ್ಲಿನ ಕೂದಲು ಮುಳ್ಳಿನ ಹಾಗೆ ನಿಲ್ಲುತ್ತದೆ. ಆಗಾಗ ಕ್ಷೌರಕ್ಕೆ ಹೋಗುವವರಿಗೆ ಮಾತ್ರ ಅದು ಸರಿ.

ಅಂಕುಡೊಂಕು ಬೈತಲೆ

ಕೂದಲು ತೆಳ್ಳಗಿದ್ದು ಗೆರೆಯಲ್ಲಿ ನೆತ್ತಿ ಬಿಳಿಯಾಗಿ ಕಾಣುತ್ತದೆ ಎಂದು ಬೇಸರಪಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಇದೊಂದನ್ನು ಮಾತ್ರ ಕೂದಲು ಬಹುಪಾಲು ಒಣಗಿದ ಮೇಲೆ ಮಾಡಬೇಕು. ಒದ್ದೆ ಕೂದಲು ಕಟ್ಟುಕಟ್ಟಾಗಿ ಅಂಟಿಕೊಳ್ಳುವುದರಿಂದ ತಿರುವುಗಳು ಮೂಡುವುದಿಲ್ಲ. ಬಾಚಣಿಗೆಯ ಬಾಲದ ತುದಿಯನ್ನು ಹಣೆಯ ಅಂಚಿನಲ್ಲಿಟ್ಟು ಒಂದೆರಡು ಸೆಂಟಿಮೀಟರ್ ಓರೆಯಾಗಿ ಎಡಕ್ಕೆ, ಅಲ್ಲಿಂದ ಅಷ್ಟೇ ಬಲಕ್ಕೆ, ಮತ್ತೆ ಎಡಕ್ಕೆ, ಹೀಗೆ ಸುಳಿಯವರೆಗೆ ಎತ್ತದೆ ಎಳೆಯಿರಿ. ಎರಡು ಕಡೆಯ ಕೂದಲನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಬೇರ್ಪಡಿಸಿದರೆ ತಿರುವುಗಳು ಕಾಣಿಸುತ್ತವೆ. ತಿರುವುಗಳು ಸಮವಾಗಿ ಇರಲೇಬೇಕೆಂದಿಲ್ಲ. ಕೂದಲ ಬುಡಗಳು ಒಂದರ ಮೇಲೊಂದು ದಾಟಿ ಕೂರುವುದರಿಂದ ನೆತ್ತಿ ಒಂದೇ ಉದ್ದ ಗೆರೆಯಾಗಿ ಕಾಣದೆ ಮರೆಯಾಗುತ್ತದೆ.

ಹಿಂದಿನ ಬೈತಲೆ, ಅಡ್ಡ ಬೈತಲೆ

ಎರಡು ಜಡೆಗೆ ಗೆರೆ ಹಣೆಯಿಂದ ಕುತ್ತಿಗೆಯವರೆಗೆ ಹೋಗಬೇಕು. ಹಿಂದಿನ ಭಾಗ ಕಣ್ಣಿಗೆ ಕಾಣದಿದ್ದರೂ ಕೈಗೆ ಸಿಗುತ್ತದೆ. ಹಿಂತಲೆಯ ಕೆಳಗೆ ನಡುವಿನಲ್ಲಿ ಮೂಳೆಯ ಒಂದು ಸಣ್ಣ ಉಬ್ಬು ಇದೆ, ಸವರಿದರೆ ಗೊತ್ತಾಗುತ್ತದೆ. ಸುಳಿಯ ಹತ್ತಿರದಿಂದ ಆ ಉಬ್ಬಿಗೆ, ಅಲ್ಲಿಂದ ಕುತ್ತಿಗೆಯ ಗುಳಿಗೆ ಎರಡು ಹಂತದಲ್ಲಿ ಎಳೆಯಿರಿ. ಒಂದು ಪಕ್ಕವನ್ನು ಕೂಡಲೇ ಕ್ಲಿಪ್ಪಿನಿಂದ ಕಟ್ಟಿ. ಇಲ್ಲವಾದರೆ ಎರಡನೇ ಜಡೆ ಹೆಣೆಯುವಷ್ಟರಲ್ಲಿ ಗೆರೆ ಅಳಿಸಿಹೋಗಿರುತ್ತದೆ.

ಮೇಲಿನ ಅರ್ಧ ಕೂದಲನ್ನು ಮಾತ್ರ ಕಟ್ಟಿ ಉಳಿದದ್ದನ್ನು ಇಳಿಬಿಡಲು ಒಂದು ಕಿವಿಯ ಮೇಲಿನಿಂದ ಇನ್ನೊಂದು ಕಿವಿಯ ಮೇಲಿನವರೆಗೆ, ಸುಳಿಯ ಕೆಳಗೆ ಹಾದು, ಅಡ್ಡ ಬೈತಲೆ ತೆಗೆಯಿರಿ. ಇದಕ್ಕೆ ಬಾಚಣಿಗೆಗಿಂತ ಎರಡೂ ಹೆಬ್ಬೆರಳುಗಳೇ ಮೇಲು: ಎರಡನ್ನೂ ಕಿವಿಗಳ ಮೇಲಿಟ್ಟು ಒಟ್ಟಿಗೆ ಹಿಂದಕ್ಕೆ ಸರಿಸಿದರೆ ಗೆರೆ ಎರಡೂ ಕಡೆ ಒಂದೇ ಎತ್ತರದಲ್ಲಿ ಬರುತ್ತದೆ. ಹಣೆಯಿಂದ ಕುತ್ತಿಗೆಯವರೆಗಿನ ನಡು ಬೈತಲೆಯ ಜೊತೆ ಈ ಅಡ್ಡ ಗೆರೆಯನ್ನೂ ತೆಗೆದರೆ ತಲೆ ನಾಲ್ಕು ಭಾಗವಾಗುತ್ತದೆ. ಎಣ್ಣೆಯನ್ನೋ ಬಣ್ಣವನ್ನೋ ಎಲ್ಲೂ ಬಿಡದೆ ಹಚ್ಚಲು ಅದು ಅನುಕೂಲ.

ಗುಂಗುರು ಕೂದಲಿಗೆ

ಗುಂಗುರು ಕೂದಲನ್ನು ಒಣಗಿದ ಮೇಲೆ ಬಾಚಿದರೆ ಸುರುಳಿಗಳು ಒಡೆದು ಕೆದರುತ್ತವೆ. ಹಾಗಾಗಿ ಬೈತಲೆಯನ್ನು ಸ್ನಾನದ ಮನೆಯಲ್ಲೇ, ಕಂಡೀಷನರ್ ಇನ್ನೂ ಕೂದಲಲ್ಲಿರುವಾಗಲೇ ಬೆರಳಿನಿಂದ ತೆಗೆದುಬಿಡಿ. ತೊಳೆದ ಮೇಲೆ ಅದೇ ಜಾಗವನ್ನು ಬೆರಳ ತುದಿಯಿಂದ ಇನ್ನೊಮ್ಮೆ ಸರಿಮಾಡಿ, ಆಮೇಲೆ ಒಣಗುವವರೆಗೆ ಮುಟ್ಟಬೇಡಿ. ದಾರ ಹಿಡಿದಂತಹ ನೇರ ಗೆರೆ ಈ ಕೂದಲಿಗೆ ಬೇಕಾಗಿಲ್ಲ. ಬುಡದಲ್ಲಿ ಸ್ವಲ್ಪ ಡೊಂಕಾಗಿದ್ದರೆ ಸುರುಳಿಗಳು ಎರಡೂ ಕಡೆ ತುಂಬಿಕೊಂಡು ಚೆಂದ ಕಾಣುತ್ತವೆ.

ಹೊಸ ಗೆರೆ ನಿಲ್ಲಬೇಕಾದರೆ

ಗೆರೆ ತೆಗೆದು, ಅದರ ಎರಡೂ ಪಕ್ಕ ಬುಡಕ್ಕೆ ಹತ್ತಿರವಾಗಿ ಒಂದೊಂದು ಚಪ್ಪಟೆ ಕ್ಲಿಪ್ ಹಾಕಿ. ತಾನಾಗಿ ಒಣಗಲು ಸಮಯವಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಡ್ರೈಯರ್ ಬಳಸುವುದಾದರೆ ಸುಮಾರು 15 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಿ. ಗಾಳಿ ಬುಡಕ್ಕೆ ಬೀಳಲಿ, ತುದಿಗಲ್ಲ. ಕೊನೆಗೆ ತಣ್ಣನೆ ಗಾಳಿ ಬಿಟ್ಟು, ಕೂದಲು ಪೂರ್ತಿ ಆರಿದ ಮೇಲೆಯೇ ಕ್ಲಿಪ್ ತೆಗೆಯಿರಿ. ಬಿಸಿಯಿರುವಾಗಲೇ ತೆಗೆದರೆ ಅದುವರೆಗಿನ ಕೆಲಸ ವ್ಯರ್ಥ.

ಮಲಗಿ ಎದ್ದಾಗ ಗೆರೆ ಹಳೆಯ ಜಾಗಕ್ಕೆ ಹೋಗಿದ್ದರೆ ಇಡೀ ತಲೆ ತೊಳೆಯಬೇಕಾಗಿಲ್ಲ. ಬೈತಲೆಯ ಸುತ್ತಲಿನ ಬುಡವನ್ನಷ್ಟೇ ಸ್ಪ್ರೇ ಬಾಟಲಿಯಿಂದ ನೆನೆಸಿ, ಮತ್ತೆ ಕ್ಲಿಪ್ ಹಾಕಿ ಒಣಗಿಸಿ. ಹೀಗೆ ಕೆಲವು ದಿನ ಬಿಡದೆ ಮಾಡಿದರೆ ಕೂದಲು ಆ ಕಡೆಗೆ ಒಗ್ಗಿಕೊಳ್ಳುತ್ತದೆ. ಮೊದಮೊದಲು ಬುಡ ತುಸು ನೋಯುವುದುಂಟು, ಒಂದೇ ಕಡೆಗೆ ಮಲಗಿದ್ದ ಕೂದಲನ್ನು ತಿರುಗಿಸಿದಾಗ ಹಾಗಾಗುತ್ತದೆ. ಆದರೆ ಜಡೆ, ಜುಟ್ಟು, ತುರುಬು ಬಿಗಿಯಾಗಿ ಎಳೆದು ಕಟ್ಟಿದ್ದರಿಂದ ಆದ ನೋವನ್ನು ಸಹಿಸಿಕೊಳ್ಳಬೇಡಿ. ದಿನವೂ ಒಂದೇ ಕಡೆ ಎಳೆತ ಬಿದ್ದರೆ ಬುಡ ಸೋತು, ಹಣೆಯ ಅಂಚಿನಲ್ಲೂ ಬೈತಲೆಯ ಬದಿಯಲ್ಲೂ ಕೂದಲು ಉದುರುತ್ತದೆ. ಬಹುಕಾಲ ಹಾಗೇ ಮುಂದುವರಿದರೆ ಅಲ್ಲಿ ಮತ್ತೆ ಹುಟ್ಟದೆಯೂ ಹೋಗಬಹುದು. ಕಟ್ಟನ್ನು ಸಡಿಲಿಸಿ, ಆಗಾಗ ಬೈತಲೆಯ ಜಾಗವನ್ನೂ ಬದಲಿಸಿ.

ಜಾಗ ಬದಲಿಸಲು ಬಿಸಿಲೂ ಒಂದು ಕಾರಣ. ತಲೆಯಲ್ಲಿ ಕೂದಲಿನ ಮರೆ ಇಲ್ಲದ ಪಟ್ಟಿ ಬೈತಲೆಯೊಂದೇ. ಕಡು ಬಿಸಿಲಿನಲ್ಲಿ ಹೆಚ್ಚು ಹೊತ್ತು ಇದ್ದರೆ ಆ ಚರ್ಮ ಕೆಂಪಾಗಿ ಉರಿಯುತ್ತದೆ, ಕೆಲವು ದಿನದ ಮೇಲೆ ಸಿಪ್ಪೆ ಸುಲಿಯುತ್ತದೆ. ಅದನ್ನು ತಲೆಹೊಟ್ಟು ಎಂದುಕೊಂಡು ಗಟ್ಟಿ ಶಾಂಪೂ ಹಾಕಿ ಉಜ್ಜಿದರೆ ಉರಿ ಇನ್ನಷ್ಟು ಜಾಸ್ತಿ. ಟೋಪಿಯೋ ಬಟ್ಟೆಯೋ ತಲೆ ಮೇಲಿರಲಿ, ಇಲ್ಲವೇ ಗೆರೆಯ ಉದ್ದಕ್ಕೂ ಸನ್‌ಸ್ಕ್ರೀನ್ ಹಚ್ಚಿ.

ಗೆರೆ ತಾನಾಗಿ ಅಗಲವಾಗುತ್ತಿದೆ ಅನ್ನಿಸಿದರೆ ಅದನ್ನು ಅಲಕ್ಷಿಸಬೇಡಿ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ಆದರೆ ಹೆಂಗಸರಲ್ಲಿ ವಂಶವಾಹಿಯಿಂದ ಬರುವ ಕೂದಲುದುರುವಿಕೆ ಮೊದಲು ಕಣ್ಣಿಗೆ ಬೀಳುವುದು ಹೆಚ್ಚಾಗಿ ಬೈತಲೆಯಲ್ಲೇ: ಹಣೆಯ ಅಂಚು ಹಾಗೇ ಉಳಿದು, ನಡುವಿನ ಗೆರೆ ಅಗಲವಾಗುತ್ತಾ ಹೋಗುತ್ತದೆ. 1977ರಲ್ಲಿ ಲುಡ್ವಿಗ್ ಎಂಬ ವೈದ್ಯರು ಇದನ್ನು ಮೂರು ಹಂತಗಳಾಗಿ ವಿಂಗಡಿಸಿದರು. ಚರ್ಮವೈದ್ಯರು ಇಂದಿಗೂ ಆ ಅಳತೆಯನ್ನು ಬಳಸುತ್ತಾರೆ. ಥೈರಾಯ್ಡ್ ತೊಂದರೆ, ಕಬ್ಬಿಣಾಂಶದ ಕೊರತೆಯಿಂದಲೂ ಕೂದಲು ತೆಳುವಾಗಬಹುದು. ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ನಿಂತು ತಿಂಗಳಿಗೊಮ್ಮೆ ನಡು ಬೈತಲೆಯ ಫೋಟೊ ತೆಗೆದಿಟ್ಟುಕೊಳ್ಳಿ. ಅಗಲವಾಗುತ್ತಿರುವುದು ಕಂಡರೆ ಆ ಫೋಟೊಗಳೊಂದಿಗೆ ಚರ್ಮವೈದ್ಯರ ಬಳಿ ಹೋಗಿ. ಹೋಗುವ ದಿನ ಅಂಕುಡೊಂಕು ಬೈತಲೆಯಾಗಲಿ, ನೆತ್ತಿ ಮುಚ್ಚುವ ಪುಡಿಯಾಗಲಿ ಬೇಡ. ಎಣ್ಣೆ ಹಚ್ಚದ ಕೂದಲಿಗೆ ಸಾದಾ ನಡು ಬೈತಲೆ ತೆಗೆದುಕೊಂಡು ಹೋದರೆ ವೈದ್ಯರಿಗೆ ನೋಡಲು ಅನುಕೂಲ.