ವಾರಂಟಿ ಇರುವ ಲ್ಯಾಪ್‌ಟಾಪ್ ಕೆಟ್ಟರೆ, ಫೋನ್ ಮಾಡುವ ಮೊದಲು ಏನೇನು ನೋಡಬೇಕು

ಮಂಡ್ಯದ ಒಂದು ಡಿಗ್ರಿ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ಲ್ಯಾಬಿನ ಮಷಿನ್‌ಗಳಿಗಿಂತ ಜಾಸ್ತಿ ಮಕ್ಕಳ ಸ್ವಂತ ಲ್ಯಾಪ್‌ಟಾಪ್‌ಗಳೇ ನನ್ನ ಟೇಬಲ್ ಮೇಲೆ ಬಂದು ಕೂರುತ್ತವೆ. "ಆನೇ ಆಯ್ತಿಲ್ಲ ಮೇಡಂ" ಅಂತ ತಂದು ಇಡುತ್ತಾರೆ. ಕಬ್ಬಿನ ದುಡ್ಡು ಬಂದಾಗ ಅಪ್ಪ ಕೊಡಿಸಿದ ಲ್ಯಾಪ್‌ಟಾಪ್ ಅದು. ಇನ್ನೊಂದು ತಗೊಳ್ಳುವ ಮಾತೇ ಇಲ್ಲ.

ನಾನು ಮೊದಲು ಕೇಳುವುದು, ವಾರಂಟಿ ಇದೆಯಾ ಅಂತ. ಇದ್ದರೆ ಸ್ಕ್ರೂ ಬಿಚ್ಚಲು ಯಾರನ್ನೂ ಬಿಡುವುದಿಲ್ಲ. ರಿಪೇರಿ ಮಾಡುವುದು ಕಂಪನಿಯ ಹೊಣೆ. ತೊಂದರೆ ಯಾವ ಭಾಗದಲ್ಲಿದೆ ಅಂತ ತೋರಿಸಿಕೊಡುವುದಷ್ಟೇ ನಮ್ಮ ಕೆಲಸ. ಅದನ್ನು ಸರಿಯಾಗಿ ಮಾಡಿಕೊಂಡರೆ "ವಿಂಡೋಸ್ ಮತ್ತೆ ಹಾಕಿ ನೋಡಿ" ಅಂತ ಫೋನಿನಲ್ಲಿ ಹೇಳಿಸಿಕೊಳ್ಳುವುದು ತಪ್ಪುತ್ತದೆ. ಬೇಕಾದ ಪಾರ್ಟ್ ಮೊದಲ ಸಲವೇ ಬರುತ್ತದೆ. ನಮ್ಮ ಊರಿನಲ್ಲಿ ಇದು ಇನ್ನೂ ಮುಖ್ಯ. ಮನೆಗೇ ಬರುವ ವಾರಂಟಿ ಇದ್ದರೂ ಎಂಜಿನಿಯರ್ ಹೆಚ್ಚಾಗಿ ಮೈಸೂರಿನಿಂದ ಬರಬೇಕು. ಕ್ಯಾರಿ ಇನ್ ವಾರಂಟಿ ಆದರೆ ನಾವೇ ಹೊತ್ತುಕೊಂಡು ಅಲ್ಲಿಗೆ ಹೋಗಬೇಕು. ತಪ್ಪು ಪಾರ್ಟ್ ಬಂತು ಅಂದರೆ ಮತ್ತೆ ಅಷ್ಟೂ ದಿನ ಕಾಯಬೇಕು.

ಮೊದಲು ಬಿಲ್ ಹುಡುಕಿ. ಲ್ಯಾಪ್‌ಟಾಪಿನ ತಳದಲ್ಲಿ ಸೀರಿಯಲ್ ನಂಬರ್ ಇರುತ್ತದೆ. ಡೆಲ್‌ನವರು ಅದನ್ನು ಸರ್ವಿಸ್ ಟ್ಯಾಗ್ ಅನ್ನುತ್ತಾರೆ. ಅಂಗಡಿ ಕೊಟ್ಟ ಜಿಎಸ್‌ಟಿ ಬಿಲ್‌ನಲ್ಲೂ ಅದೇ ನಂಬರ್ ಇದೆಯಾ ನೋಡಿ. ಕಂಪನಿಯ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿದರೆ ವಾರಂಟಿ ಎಂದು ಮುಗಿಯುತ್ತದೆ ಅಂತ ತೋರಿಸುತ್ತದೆ. ಎಷ್ಟೋ ಸಲ ಅಲ್ಲಿ ಶುರುವಿನ ದಿನ ನೀವು ಕೊಂಡ ದಿನ ಆಗಿರುವುದಿಲ್ಲ, ಫ್ಯಾಕ್ಟರಿಯಿಂದ ಹೊರಟ ದಿನ ಆಗಿರುತ್ತದೆ. ಹಾಗಿದ್ದರೆ ಬಿಲ್ ಕಳಿಸಿ ದಿನಾಂಕ ಸರಿಮಾಡಿಸಿ. ಬಿಲ್ ತೆಳ್ಳನೆಯ ಥರ್ಮಲ್ ಕಾಗದದ್ದಾದರೆ ಅಕ್ಷರ ಮಾಸಿಹೋಗುತ್ತದೆ, ಇವತ್ತೇ ಫೋಟೋ ತೆಗೆದಿಟ್ಟುಕೊಳ್ಳಿ.

ಆನ್ ಆಗದಿದ್ದರೆ

ಅಡಾಪ್ಟರ್ ತೆಗೆಯಿರಿ. ಪೆನ್‌ಡ್ರೈವ್, ಮೌಸ್, ಎಲ್ಲ ಬಿಚ್ಚಿ. ಪವರ್ ಬಟನ್ ಅನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಆಮೇಲೆ ಅಡಾಪ್ಟರ್ ಮಾತ್ರ ಹಾಕಿ ಆನ್ ಮಾಡಿ. ಒಳಗೆ ಉಳಿದ ಕರೆಂಟ್ ಇಳಿದು ಬೋರ್ಡ್ (ಒಳಗಿನ ಮುಖ್ಯ ಸರ್ಕ್ಯೂಟ್, ಮದರ್‌ಬೋರ್ಡ್) ಹೊಸದಾಗಿ ಶುರುವಾಗುತ್ತದೆ. ಸತ್ತೇಹೋಯಿತು ಅಂದುಕೊಂಡ ಲ್ಯಾಪ್‌ಟಾಪ್ ಇಷ್ಟಕ್ಕೇ ಎದ್ದದ್ದನ್ನು ನಾನು ತುಂಬಾ ನೋಡಿದ್ದೇನೆ. ಫೋನಿನಲ್ಲೂ ಅವರು ಮೊದಲು ಇದನ್ನೇ ಮಾಡಿಸುತ್ತಾರೆ.

ಆಗಲೂ ಏಳದಿದ್ದರೆ ಅಷ್ಟೇ ವ್ಯಾಟ್‌ನ, ಅದೇ ಕಂಪನಿಯ ಇನ್ನೊಂದು ಅಡಾಪ್ಟರ್ ಸಿಕ್ಕರೆ ಹಾಕಿ ನೋಡಿ. ಅಡಾಪ್ಟರ್ ಮೇಲೆ 100-240 ವೋಲ್ಟ್ ಅಂತ ಬರೆದಿರುತ್ತದೆ, ಹಾಗಾಗಿ ಹಳ್ಳಿಯ ಲೋ ವೋಲ್ಟೇಜ್‌ಗೆ ಅದು ಸಾಮಾನ್ಯವಾಗಿ ಹೆದರುವುದಿಲ್ಲ. ಕರೆಂಟ್ ಹೋಗಿ ಒಮ್ಮೆಲೇ ಜೋರಾಗಿ ಬಂದಾಗಲೇ ಏಟು ಬೀಳುವುದು. ಅಡಾಪ್ಟರ್ ಮಾತ್ರ ಹೋಗಿದ್ದರೆ ಪೂರ್ತಿ ಲ್ಯಾಪ್‌ಟಾಪ್ ಕಳಿಸಬೇಕಾಗಿಲ್ಲ. ಆದರೆ ಅದು ನಿಮಗೆ ಗೊತ್ತಿದ್ದರೆ ತಾನೇ ಹೇಳುವುದು?

ಪವರ್ ಒತ್ತಿದಾಗ ಲೈಟ್ ಮಿಟುಕುತ್ತದೆಯೇ, ಬೀಪ್ ಶಬ್ದ ಬರುತ್ತದೆಯೇ ಗಮನಿಸಿ. ಎಷ್ಟು ಸಲ, ಯಾವ ಬಣ್ಣ ಅಂತ ಬರೆದುಕೊಳ್ಳಿ. ಅದು ಸುಮ್ನೆ ಮಿಟುಕುವುದಲ್ಲ. ಮೆಮೊರಿಗೆ ಒಂದು ಲೆಕ್ಕ, ಬೋರ್ಡಿಗೆ ಇನ್ನೊಂದು ಲೆಕ್ಕ ಅಂತ ಕಂಪನಿಯೇ ಇಟ್ಟಿರುತ್ತದೆ. ನೀವೇ ಆಮೇಲೆ ರ್‍ಯಾಮ್ ಹಾಕಿಸಿದ್ದರೆ ಮೊದಲು ಅದರ ಮೇಲೆ ಅನುಮಾನ ಪಡಿ. ಆ ರ್‍ಯಾಮ್‌ಗೆ ಲ್ಯಾಪ್‌ಟಾಪ್ ಕಂಪನಿಯ ವಾರಂಟಿ ಇರುವುದಿಲ್ಲ.

ಇಲ್ಲಿ ಇನ್ನೊಂದು ಮಾತು. ಲೋಹದ ಮೈ ಇರುವ ಲ್ಯಾಪ್‌ಟಾಪ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ ಅಂತ ಹಳೇ ಮನೆಗಳಲ್ಲಿ ಬಾಡಿಗೆಗೆ ಇರುವವರು ಬಂದು ಹೇಳುತ್ತಾರೆ. ಅಡಾಪ್ಟರ್ ತೆಗೆದ ತಕ್ಷಣ ಅದು ನಿಂತರೆ ಹೆಚ್ಚಾಗಿ ತೊಂದರೆ ಗೋಡೆಯ ಸಾಕೆಟ್‌ನಲ್ಲಿ. ಮೂರು ಪಿನ್ ಸಾಕೆಟ್ ಇದ್ದರೂ ಒಳಗೆ ಅರ್ಥಿಂಗ್ ಇಲ್ಲ, ಇಲ್ಲವೇ ಎರಡು ಪಿನ್ ಕನ್ವರ್ಟರ್ ಹಾಕಿದ್ದಾರೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಸರಿಮಾಡಿಸಿ. ಅರ್ಥಿಂಗ್ ಸರಿಯಿರುವ ಕಡೆಯೂ ಶಾಕ್ ಹೊಡೆದರೆ ಆ ಅಡಾಪ್ಟರ್ ಮತ್ತೆ ಹಾಕಲೇಬೇಡಿ, ಕಂಪನಿಗೆ ತಿಳಿಸಿ.

ಸಾಫ್ಟ್‌ವೇರ್ ತೊಂದರೆಯೋ ಹಾರ್ಡ್‌ವೇರ್ ತೊಂದರೆಯೋ

ಇದನ್ನು ಬಿಡಿಸಿಕೊಳ್ಳಲು ಬಯಾಸ್, ಅಂದರೆ ಲ್ಯಾಪ್‌ಟಾಪ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆ, ತುಂಬಾ ಒಳ್ಳೆಯ ಜಾಗ. ಅಲ್ಲಿ ವಿಂಡೋಸ್ ಇನ್ನೂ ಬಂದೇ ಇರುವುದಿಲ್ಲ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಆನ್ ಮಾಡಿದ ಕೂಡಲೇ ಎಫ್2 ಒತ್ತಿದರೆ ಬಯಾಸ್ ತೆರೆಯುತ್ತದೆ. ಎಚ್‌ಪಿಯಲ್ಲಿ ಎಫ್10, ಥಿಂಕ್‌ಪ್ಯಾಡ್‌ನಲ್ಲಿ ಎಫ್1. ಒಳಗೆ ಏನನ್ನೂ ಬದಲಾಯಿಸಬೇಡಿ, ಸುಮ್ನೆ ನೋಡಿ. ಅಲ್ಲೂ ಪರದೆಯ ಮೇಲೆ ಗೆರೆ ಬಂದರೆ, ಅಲ್ಲೂ ಕೀ ಕೆಲಸ ಮಾಡದಿದ್ದರೆ, ಅದು ಡ್ರೈವರ್ (ಆಯಾ ಭಾಗವನ್ನು ವಿಂಡೋಸ್ ಓಡಿಸಲು ಬೇಕಾದ ಸಾಫ್ಟ್‌ವೇರ್) ತೊಂದರೆಯಲ್ಲ. ಬಯಾಸ್‌ನಲ್ಲಿ ಎಸ್‌ಎಸ್‌ಡಿಯ, ಅಂದರೆ ವಿಂಡೋಸ್ ಮತ್ತು ಫೈಲ್‌ಗಳು ಇರುವ ಡಿಸ್ಕ್‌ನ, ಹೆಸರೇ ಕಾಣದಿದ್ದರೆ ವಿಂಡೋಸ್ ಮತ್ತೆ ಹಾಕಿ ಅನ್ನುವ ಮಾತಿಗೆ ಅರ್ಥವೇ ಇಲ್ಲ, ಹಾಕುವುದು ಎಲ್ಲಿಗೆ?

ಪರದೆಯ ವಿಷಯದಲ್ಲಿ ಇನ್ನೊಂದು ಹೆಜ್ಜೆ ಇದೆ. ಎಚ್‌ಡಿಎಂಐ ಕೇಬಲ್‌ನಿಂದ ಮನೆಯ ಟಿವಿಗೆ ಹಾಕಿ. ಟಿವಿಯಲ್ಲಿ ಚಿತ್ರ ಚೆನ್ನಾಗಿ ಬಂದರೆ ತೊಂದರೆ ಪ್ಯಾನೆಲ್‌ನಲ್ಲಿ ಅಥವಾ ಅದರ ಕೇಬಲ್‌ನಲ್ಲಿ. ಟಿವಿಯಲ್ಲೂ ಅದೇ ಗೆರೆ ಬಂದರೆ ಗ್ರಾಫಿಕ್ಸ್ ಚಿಪ್, ಅಂದರೆ ಬಹುಪಾಲು ಬೋರ್ಡ್. ವೈಫೈ ಅಥವಾ ಸೌಂಡ್ ಬರದಿದ್ದರೆ ಪೆನ್‌ಡ್ರೈವ್‌ನಲ್ಲಿ ಉಬುಂಟು (ವಿಂಡೋಸ್ ಥರದ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಹಾಕಿಕೊಂಡು, ಇನ್‌ಸ್ಟಾಲ್ ಮಾಡದೆ ಹಾಗೇ ಓಡಿಸಿ ನೋಡಿ. ಅದರಲ್ಲಿ ಕೆಲಸ ಮಾಡಿದರೆ ಹಾರ್ಡ್‌ವೇರ್ ಸರಿಯಿದೆ, ವಿಂಡೋಸ್ ಡ್ರೈವರ್ ನೋಡಿಕೊಳ್ಳಿ.

ಇದಾದ ಮೇಲೆ ಕಂಪನಿಯವರೇ ಒಳಗಿಟ್ಟಿರುವ ಪರೀಕ್ಷೆ ಓಡಿಸಿ. ಡೆಲ್‌ನಲ್ಲಿ ಆನ್ ಮಾಡುವಾಗ ಎಫ್12 ಒತ್ತಿ ಡಯಾಗ್ನಾಸ್ಟಿಕ್ಸ್ ಆರಿಸಿ. ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್2. ಲೆನೊವೊದ ಬಹಳಷ್ಟು ಮಾದರಿಗಳಲ್ಲಿ ಎಫ್10. ಸಣ್ಣ ಪರೀಕ್ಷೆಗೆ ನಿಲ್ಲಬೇಡಿ, ಅಡಾಪ್ಟರ್ ಹಾಕಿ ಪೂರ್ತಿ ಪರೀಕ್ಷೆ ಮಾಡಿಸಿ. ತಪ್ಪು ಸಿಕ್ಕರೆ ಒಂದು ಎರರ್ ಕೋಡ್ ಬರುತ್ತದೆ. ಎಚ್‌ಪಿಯಲ್ಲಿ ಅದು 24 ಅಕ್ಷರದ ಫೇಲ್ಯೂರ್ ಐಡಿ. ಅದರ ಫೋಟೋ ತೆಗೆಯಿರಿ. ಫೋನಿನ ಆ ಕಡೆ ಇರುವವರ ಹತ್ತಿರ ನೀವು ಅರ್ಧ ಗಂಟೆ ವಿವರಿಸಿದರೂ ಆಗದ ಕೆಲಸ ಈ ಒಂದು ಕೋಡ್‌ನಿಂದ ಆಗುತ್ತದೆ. ಅವರದೇ ಪರೀಕ್ಷೆ, ಅವರದೇ ಕೋಡ್. ಇಲ್ಲ ಅನ್ನುವ ಹಾಗಿಲ್ಲ. ಎಸ್‌ಎಸ್‌ಡಿ ಮೇಲೆ ಅನುಮಾನ ಇದ್ದರೆ ಮಾತ್ರ ಮೊದಲು ಫೈಲ್‌ಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ, ಆಮೇಲೆ ಪರೀಕ್ಷೆ.

ಬ್ಯಾಟರಿಗೆ ವಿಂಡೋಸ್‌ನಲ್ಲೇ ಒಂದು ವರದಿ ಸಿಗುತ್ತದೆ. ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಶ್ ಹಾಕಿ, ಬ್ಯಾಟರಿ ರಿಪೋರ್ಟ್ ಎರಡನ್ನೂ ಸೇರಿಸಿ ಬರೆದು ಎಂಟರ್ ಒತ್ತಿ. ಫೈಲ್ ಎಲ್ಲಿ ಉಳಿಯಿತು ಅಂತ ಅದೇ ಹೇಳುತ್ತದೆ. ಡಿಸೈನ್ ಕೆಪಾಸಿಟಿ (ಹೊಸದಿದ್ದಾಗ ಹಿಡಿಯಬೇಕಾದ ಚಾರ್ಜ್) 50,000 ಇದ್ದು, ಫುಲ್ ಚಾರ್ಜ್ ಕೆಪಾಸಿಟಿ (ಈಗ ಹಿಡಿಯುವ ಚಾರ್ಜ್) ಕೆಲವೇ ತಿಂಗಳಲ್ಲಿ 27,000ಕ್ಕೆ ಇಳಿದಿದ್ದರೆ ಕೂಡಲೇ ಫೋನ್ ಮಾಡಿ. ಲ್ಯಾಪ್‌ಟಾಪ್‌ಗೆ ಮೂರು ವರ್ಷ ವಾರಂಟಿ ಇದ್ದರೂ ಬ್ಯಾಟರಿಗೆ ಹೆಚ್ಚಾಗಿ ಒಂದೇ ವರ್ಷ. ಬ್ಯಾಟರಿ ಊದಿಕೊಂಡು ಟಚ್‌ಪ್ಯಾಡ್ ಮೇಲೆದ್ದಿದ್ದರೆ ಚಾರ್ಜ್ ಹಾಕಬೇಡಿ, ಒತ್ತಬೇಡಿ, ಆಫ್ ಮಾಡಿಬಿಡಿ. ಅದು ಹೊತ್ತಿಕೊಳ್ಳುವ ಅಪಾಯ ಇದೆ. ಫೋನಿನಲ್ಲಿ ಮೊದಲ ಮಾತೇ ಅದಾಗಿರಲಿ.

ಬಂದು ಹೋಗುವ ತೊಂದರೆ

ಮಕ್ಕಳನ್ನು ತುಂಬಾ ಕಾಡುವುದು ಇದೇ. ಹಾಸ್ಟೆಲ್‌ನಲ್ಲಿ ದಿನಾ ಆಫ್ ಆಗುತ್ತದೆ, ಸರ್ವಿಸ್ ಸೆಂಟರ್‌ನಲ್ಲಿ ಮಾತ್ರ ಚೆನ್ನಾಗಿ ಓಡುತ್ತದೆ. "ಏನೂ ತೊಂದರೆ ಇಲ್ಲ" ಅಂತ ಬರೆದು ವಾಪಸ್ ಕೊಡುತ್ತಾರೆ. ಅದಕ್ಕೇ ತೊಂದರೆ ಬೇಕೆಂದಾಗ ತರಿಸುವ ದಾರಿ ನೀವು ಹುಡುಕಬೇಕು. ಚಾರ್ಜ್‌ನಲ್ಲಿದ್ದಾಗಲೋ ಬ್ಯಾಟರಿಯಲ್ಲೋ? ಆನ್ ಮಾಡಿದ ಕೂಡಲೇನೋ ಬಿಸಿಯಾದ ಮೇಲೋ? ಪರದೆಯನ್ನು ಹಿಂದೆ ಮುಂದೆ ಬಾಗಿಸಿದಾಗ ಮಿಟುಕುತ್ತದಾ? ಹೌದಾದರೆ ಕೀಲಿನ ಮೂಲಕ ಹೋಗುವ ಕೇಬಲ್ ಒಳಗೇ ತುಂಡಾಗುತ್ತಿದೆ, ಫೋನ್ ಚಾರ್ಜರ್ ವೈರು ಪಿನ್ ಹತ್ತಿರ ಬಗ್ಗಿ ಬಗ್ಗಿ ಹೋಗುವ ಹಾಗೆ. ಪರದೆಯನ್ನು ಎಷ್ಟು ಬಾಗಿಸಿದರೆ ಚಿತ್ರ ಹೋಗುತ್ತದೆ ಅಂತ ವಿಡಿಯೋ ಮಾಡಿ. ವಿಡಿಯೋದಲ್ಲಿ ತಳದ ಸೀರಿಯಲ್ ನಂಬರ್ ಕೂಡ ಒಮ್ಮೆ ಕಾಣಲಿ.

ಒಮ್ಮೆಲೇ ಆಫ್ ಆಗುವ ಲ್ಯಾಪ್‌ಟಾಪ್ ಆದರೆ ವಿಂಡೋಸ್ ತನ್ನ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಸಿಸ್ಟಂ ಭಾಗ ನೋಡಿ. ಕರ್ನಲ್ ಪವರ್ 41 ಅಂತ ಬಂದಿರುತ್ತದೆ. ಯಾಕೆ ಆಫ್ ಆಯಿತು ಅಂತ ಅದು ಹೇಳುವುದಿಲ್ಲ. ಆದರೆ ಶಟ್‌ಡೌನ್ ಮಾಡದೆಯೇ ನಿಂತುಹೋಯಿತು ಅಂತ ದಾಖಲೆ ಸಿಗುತ್ತದೆ, ಅದರಲ್ಲಿರುವ ಹೊತ್ತು ಮತ್ತೆ ಆನ್ ಆದ ಹೊತ್ತು. ಅದರ ಫೋಟೋ ಸಾಕು.

ಬಿಸಿಯಾಗಿ ಆಫ್ ಆಗುವುದಕ್ಕೆ ನಮ್ಮ ಕಡೆ ಧೂಳೂ ಒಂದು ಕಾರಣ. ಆಲೆಮನೆ ಹತ್ತಿರದ ಮನೆಗಳಿಂದ ಬರುವ ಲ್ಯಾಪ್‌ಟಾಪ್‌ಗಳಲ್ಲಿ ಗಾಳಿಕಿಂಡಿಗೆ ಮಸಿ, ಧೂಳು ಸೇರಿ ಗಟ್ಟಿ ಪದರ ಕಟ್ಟಿರುತ್ತದೆ. ಹೊರಗಿನಿಂದ ಮೆತ್ತನೆ ಬ್ರಷ್‌ನಲ್ಲಿ ತೆಗೆಯಿರಿ. ಹಾಸಿಗೆ ಮೇಲೆ ಇಟ್ಟು ಕೆಲಸ ಮಾಡಬೇಡಿ. ಆಮೇಲೂ ಫ್ಯಾನ್ ಕರಕರ ಅಂದರೆ, ತಿರುಗದೇ ಇದ್ದರೆ, ಅದು ವಾರಂಟಿಯ ವಿಷಯ.

ಕೊಡುವಾಗ, ತೆಗೆದುಕೊಳ್ಳುವಾಗ

ಫೈಲ್‌ಗಳ ಕಾಪಿ ಇಟ್ಟುಕೊಳ್ಳದೆ ಲ್ಯಾಪ್‌ಟಾಪ್ ಕೈಬಿಡಬೇಡಿ. ಎಸ್‌ಎಸ್‌ಡಿ ಬದಲಾಯಿಸಿದರೆ ಹಳೆಯದು ಸಾಮಾನ್ಯವಾಗಿ ಕಂಪನಿಗೇ ಹೋಗುತ್ತದೆ. ಒಳಗಿದ್ದ ಪ್ರಾಜೆಕ್ಟ್, ಫೋಟೋ ಯಾವುದಕ್ಕೂ ವಾರಂಟಿ ಇಲ್ಲ.

ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಬಗ್ಗೆ ತುಂಬಾ ಜನಕ್ಕೆ ಗೊತ್ತಿಲ್ಲ. ಹೊಸ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದಾಗ ಡಿಸ್ಕ್‌ಗೆ ತಾನಾಗೇ ಬೀಗ ಬೀಳುವುದುಂಟು. ಆ ಬೀಗದ ಗುಟ್ಟು ಮದರ್‌ಬೋರ್ಡ್ ಮೇಲಿನ ಟಿಪಿಎಂ ಚಿಪ್‌ನಲ್ಲಿರುತ್ತದೆ. ಬೋರ್ಡ್ ಬದಲಾದರೆ ಹೊಸ ಬೋರ್ಡಿಗೆ ಅದು ಗೊತ್ತಿಲ್ಲ. ಆಗ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಎಸ್‌ಎಸ್‌ಡಿ ಚೆನ್ನಾಗಿದ್ದರೂ ಫೈಲ್ ಸಿಗುವುದಿಲ್ಲ. ಫೋನಿನಲ್ಲಿ ಅದೇ ಮೈಕ್ರೋಸಾಫ್ಟ್ ಅಕೌಂಟ್ ತೆರೆದರೆ ಆ ಕೀ ಅಲ್ಲಿ ಉಳಿದಿದೆಯಾ ನೋಡಬಹುದು. ಎಂಜಿನಿಯರ್ ಬರುವ ಹಿಂದಿನ ದಿನವೇ ಕಾಗದದಲ್ಲಿ ಬರೆದುಕೊಳ್ಳಿ. ಲ್ಯಾಪ್‌ಟಾಪ್ ಸೆಟ್ ಮಾಡಿಕೊಟ್ಟ ಅಂಗಡಿಯವರು ತಮ್ಮದೇ ಇಮೇಲ್ ಹಾಕಿರುವುದೂ ಉಂಟು. ಹಾಗಿದ್ದರೆ ಈಗಲೇ ಬದಲಾಯಿಸಿಕೊಳ್ಳಿ.

ಕೊಡುವ ಮೊದಲು ಮೈಯೆಲ್ಲ ಫೋಟೋ ತೆಗೆಯಿರಿ, ನಾಲ್ಕು ಮೂಲೆ, ಕೀಲು, ಪರದೆ, ತಳ. ಬಿದ್ದು ಒಡೆದದ್ದು, ನೀರು ಚೆಲ್ಲಿದ್ದು ಸಾಮಾನ್ಯ ವಾರಂಟಿಯಲ್ಲಿ ಬರುವುದಿಲ್ಲ. ಇಲ್ಲದ ಬಿರುಕನ್ನು ಇತ್ತು ಅನ್ನದ ಹಾಗೆ ಈ ಫೋಟೋಗಳು ಕಾಯುತ್ತವೆ. ರಿಪೇರಿಗೆ ತೆಗೆದುಕೊಳ್ಳುವಾಗ ಅವರು ಬರೆಯುವ ಜಾಬ್ ಶೀಟ್‌ನಲ್ಲಿ "ನಾಟ್ ವರ್ಕಿಂಗ್" ಅಂತ ಬರೆದರೆ ಒಪ್ಪಬೇಡಿ. ಎರರ್ ಕೋಡ್ ಸಮೇತ ನಿಮ್ಮ ದೂರು ಬರೆಸಿ, ಆಮೇಲೆ ಸಹಿ ಹಾಕಿ.

ಬೋರ್ಡ್ ಬದಲಾಯಿಸಿದ ಮೇಲೆ ಬಯಾಸ್ ತೆರೆದು ಸೀರಿಯಲ್ ನಂಬರ್ ನೋಡಿ. ತಳದಲ್ಲಿರುವ ನಂಬರೇ ಅಲ್ಲೂ ಇರಬೇಕು. ಖಾಲಿ ಇದ್ದರೆ ಎಂಜಿನಿಯರ್ ಹೋಗುವ ಮೊದಲೇ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಮುಂದೆ ವಾರಂಟಿ ಕೇಳುವಾಗ ತೊಡಕಾಗುತ್ತದೆ. ವೈಫೈ, ಕ್ಯಾಮೆರಾ, ಸ್ಪೀಕರ್, ಎಲ್ಲ ಯುಎಸ್‌ಬಿ ಪೋರ್ಟ್ ಅಲ್ಲೇ ಪರೀಕ್ಷಿಸಿ.

ವಾರಂಟಿಗೆ ಬರುವುದಿಲ್ಲ ಅಂತ ಬಾಯಿಮಾತಿನಲ್ಲಿ ಹೇಳಿದರೆ ಕಾರಣ ಇಮೇಲ್‌ನಲ್ಲಿ ಕೊಡಿ ಅನ್ನಿ. ಅದೂ ಸರಿ ಕಾಣದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಆಮೇಲಿನ ದಾರಿ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಬೆಂಗಳೂರಿನಲ್ಲಿರಲಿ, ದೆಹಲಿಯಲ್ಲಿರಲಿ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ತೊಂದರೆ ಆದ 2 ವರ್ಷದೊಳಗೆ ದೂರು ಹಾಕಬೇಕು. ಬಿಲ್, ಎರರ್ ಕೋಡ್‌ನ ಫೋಟೋ, ವಿಡಿಯೋ, ಜಾಬ್ ಶೀಟ್, ಅವರು ಕಳಿಸಿದ ಇಮೇಲ್, ಎಲ್ಲವನ್ನೂ ದಿನಾಂಕದ ಪ್ರಕಾರ ಜೋಡಿಸಿ ದೂರಿನ ಜೊತೆಗಿಡಿ.