ಇಪ್ಪತ್ತೈದು ಮಂದಿಗೆ ಪುನರ್ಪುಳಿ ಪಂಚ್

ಮುಂಬಯಿಯ ಫ್ಲ್ಯಾಟಿನಲ್ಲಿ ಹುಟ್ಟುಹಬ್ಬವೋ ನಿಶ್ಚಿತಾರ್ಥವೋ ಇದ್ದರೆ ಪಂಚ್ ಮಾಡಲು ಹೊರಟವರು ಸಾಮಾನ್ಯವಾಗಿ ಸಂಜೆ ಐದಕ್ಕೇ ಡಬ್ಬಿ ಜ್ಯೂಸ್, ಸೋಡಾ, ಐಸ್, ಹೆಚ್ಚಿದ ಸೇಬು ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದುಬಿಡುತ್ತಾರೆ. ಏಳಕ್ಕೆ ನೆಂಟರು ಬರುವಾಗ ಐಸ್ ಕರಗಿರುತ್ತದೆ, ಸೋಡಾದ ಗ್ಯಾಸ್ ಹೋಗಿರುತ್ತದೆ, ಸೇಬು ಕಂದಿರುತ್ತದೆ. ಉಳಿಯುವುದು ಬಣ್ಣದ ಸಕ್ಕರೆ ನೀರು. ಪಂಚನ್ನು ಎರಡು ಪಾಲಾಗಿ ಮಾಡಬೇಕು. ರಸ, ಪಾಕ, ಚಹಾ ಕೂಡಿದ ಗಟ್ಟಿ ಪಾಲು ಹಿಂದಿನ ದಿನದ ಕೆಲಸ, ಅದು ಫ್ರಿಜ್ಜಿನಲ್ಲಿ ತಣ್ಣಗಾಗುತ್ತಿರಲಿ. ಸೋಡಾ, ಐಸ್, ಹಣ್ಣಿನ ಹೋಳು ಮೊದಲ ಲೋಟ ತುಂಬುವ ಹತ್ತು ನಿಮಿಷ ಮುಂಚೆ ಸೇರಿದರೆ ಸಾಕು.

ಅಳತೆಗೆ ಕೆರಿಬಿಯನ್ ದ್ವೀಪಗಳ ಹಳೇ ಲೆಕ್ಕವೊಂದಿದೆ: ಹುಳಿ ಒಂದು ಪಾಲು, ಸಿಹಿ ಎರಡು, ಮದ್ಯ ಮೂರು, ತೆಳು ನಾಲ್ಕು. ಇದು ರಮ್ ಹಾಕುವವರ ಲೆಕ್ಕ. ಮದ್ಯದ ಜಾಗಕ್ಕೆ ಹಣ್ಣಿನ ರಸ ಬಂದಾಗ ಇದನ್ನೇ ಕಣ್ಣುಮುಚ್ಚಿ ಹಿಡಿದರೆ ಪಂಚ್ ಪಾಯಸವಾಗುತ್ತದೆ, ಏಕೆಂದರೆ ಹಣ್ಣಿನ ರಸದಲ್ಲೇ ಸಿಹಿ ಇದೆ. ಸಕ್ಕರೆ ಪಾಕವನ್ನು ಅರ್ಧಕ್ಕಿಳಿಸಿ. ನಿಂಬೆರಸ ಒಂದು ಲೋಟವಾದರೆ ಪಾಕವೂ ಒಂದು, ಹಣ್ಣಿನ ರಸ ಮೂರು, ಚಹಾ ಅಥವಾ ಸೋಡಾ ನಾಲ್ಕು. ಯಾವ ಹಣ್ಣು ಸಿಕ್ಕರೂ ಇಲ್ಲಿಂದ ಶುರು ಮಾಡಿ ರುಚಿ ನೋಡಿ ತಿದ್ದಬಹುದು.

ಬೇಸಿಗೆಯ ಮುಂಬಯಿಗೆ ಮತ್ತು ಗೋವಾಕ್ಕೆ ಪುನರ್ಪುಳಿಯಷ್ಟು ಒಗ್ಗುವ ಹುಳಿ ಬೇರೆ ಇಲ್ಲ. ಇಲ್ಲಿಯವರು ಕೋಕಂ ಅಥವಾ ಆಮ್‌ಸೂಲ್ ಅನ್ನುತ್ತಾರೆ. ದಾದರಿನ ಕೊಂಕಣ ಸಾಮಾನಿನ ಅಂಗಡಿಗಳಲ್ಲಿ ಒಣ ಸಿಪ್ಪೆ ವರ್ಷವಿಡೀ ಸಿಗುತ್ತದೆ. ಅದೇ ಅಂಗಡಿಯಲ್ಲಿ 'ಆಗಳ್' ಎಂದು ಬಾಟಲಿಯಲ್ಲಿ ಮಾರುವುದು ಉಪ್ಪು ಹಾಕಿದ ರಸ, ತೆಂಗಿನಹಾಲು ಬೆರೆಸುವ ಸೋಲ್‌ಕಢಿಗೆ ಸರಿ, ಪಂಚಿಗೆ ಬೇಡ. ಒಣ ಸಿಪ್ಪೆಗೂ ಎಷ್ಟೋ ಸಲ ಉಪ್ಪು ಹಚ್ಚಿರುತ್ತಾರೆ. ಒಂದು ಚೂರು ನಾಲಿಗೆಗಿಟ್ಟು ನೋಡಿ, ಉಪ್ಪಿದ್ದರೆ ಎರಡು ನೀರಿನಲ್ಲಿ ತೊಳೆಯಿರಿ.

ಇಪ್ಪತ್ತೈದು ಮಂದಿಗೆ, ತಲೆಗೆರಡು ಲೋಟದಂತೆ, ಸುಮಾರು ಎಂಟು ಲೀಟರ್ ಬೇಕು. 200 ಮಿಲಿ ಲೋಟದಲ್ಲಿ ಐಸ್ ಹೋಗಿ ಪಾನೀಯ ಹಿಡಿಸುವುದು 150 ಮಿಲಿ ಮಾತ್ರ. ಹಿಂದಿನ ದಿನ ಮಧ್ಯಾಹ್ನ 200 ಗ್ರಾಂ ಪುನರ್ಪುಳಿ ಸಿಪ್ಪೆಯನ್ನು ಒಂದೂವರೆ ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ನಾಲ್ಕು ಗಂಟೆ ನೆನೆಸಿ, ಕೈಯಿಂದ ಕಿವುಚಿ, ತೆಳುಬಟ್ಟೆಯಲ್ಲಿ ಸೋಸಿ. ಮಿಕ್ಸಿಗೆ ಹಾಕಬೇಡಿ, ರಸ ಕದಡಿ ತಳದಲ್ಲಿ ಗಸಿ ನಿಲ್ಲುತ್ತದೆ. ಕುಡಿಯುವ ನೀರನ್ನೇ ಬಳಸಿ. ಪುಣೆಯ ಹೊರವಲಯದಲ್ಲಿ ಬೋರ್‌ವೆಲ್ ನೀರಿರುವ ಸೊಸೈಟಿಯವರು ಫಿಲ್ಟರ್ ನೀರಿನಲ್ಲೇ ನೆನೆಸಬೇಕು. ಪುನರ್ಪುಳಿಯ ಕೆಂಪು ಹುಳಿಯಲ್ಲಿ ಮಾತ್ರ ಕೆಂಪಾಗಿರುತ್ತದೆ, ಕ್ಷಾರದ ಗಡಸು ನೀರಿನಲ್ಲಿ ಮಂಕಾಗಿ ನೇರಳೆಗೆ ತಿರುಗುತ್ತದೆ.

ಅದು ನೆನೆಯುವಷ್ಟರಲ್ಲಿ ಪಾಕ. 800 ಗ್ರಾಂ ಸಕ್ಕರೆಗೆ 800 ಮಿಲಿ ನೀರು, ಜಜ್ಜಿದ ಶುಂಠಿ 50 ಗ್ರಾಂ, ಬೆರಳುದ್ದದ ಚಕ್ಕೆ ಎರಡು, ಲವಂಗ ಎಂಟು. ಸಕ್ಕರೆ ಕರಗಿದ ಮೇಲೆ ಸಣ್ಣ ಉರಿಯಲ್ಲಿ ಐದು ನಿಮಿಷ ಕುದಿಸಿ ಇಳಿಸಿ, ಇಪ್ಪತ್ತು ನಿಮಿಷ ಮುಚ್ಚಿಟ್ಟು ಸೋಸಿ. ಎಳೆ ಪಾಕ ಬರಿಸುವ ಗೊಡವೆ ಬೇಡ. ಮಸಾಲೆಯನ್ನು ರಾತ್ರಿಯೆಲ್ಲ ಅದರಲ್ಲೇ ಬಿಟ್ಟರೆ ಲವಂಗ ಮಿಕ್ಕೆಲ್ಲವನ್ನೂ ನುಂಗಿ ಹಲ್ಲುನೋವಿನ ಔಷಧದ ವಾಸನೆ ಬರುತ್ತದೆ. ಸಕ್ಕರೆಯನ್ನು ಪಾಕವಾಗಿಯೇ ಹಾಕಬೇಕು, ತಣ್ಣನೆಯ ರಸಕ್ಕೆ ಹಾಗೇ ಹಾಕಿದರೆ ಅರ್ಧ ತಳದಲ್ಲಿ ಕೂರುತ್ತದೆ. ಮೊದಲ ಲೋಟ ಹುಳಿ, ಕೊನೆಯದು ಕುಡಿಯಲಾಗದಷ್ಟು ಸಿಹಿ.

ಚಹಾ ಹಾಕುವುದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಬರೀ ಹಣ್ಣಿನ ರಸದ ಪಂಚ್ ಎರಡನೇ ಲೋಟಕ್ಕೆ ಸಾಕೆನಿಸುವುದು ಅದರಲ್ಲಿ ಒಗರು ಇಲ್ಲದ್ದರಿಂದ. ಒಂದೂವರೆ ಲೀಟರ್ ಕುದಿಯುವ ನೀರಿಗೆ 12 ಗ್ರಾಂ ಚಹಾಪುಡಿ, ಅಂದರೆ ಐದಾರು ಸಣ್ಣ ಚಮಚ, ಹಾಕಿ ಮೂರು ನಿಮಿಷಕ್ಕೆ ಸೋಸಿಬಿಡಿ. ನಮ್ಮ ದಿನಬಳಕೆಯ ಕಾಳುಪುಡಿ ಬೇಗ ಬಿಟ್ಟುಕೊಳ್ಳುತ್ತದೆ, ಐದು ನಿಮಿಷ ದಾಟಿದರೆ ಗಂಟಲು ಹಿಡಿಯುವ ಕಹಿ. ಸೋಸಿದ ಡಿಕಾಕ್ಷನ್ ಹೊರಗೇ ಆರಲಿ. ಬಿಸಿಯದನ್ನು ನೇರ ಫ್ರಿಜ್ಜಿಗಿಟ್ಟರೆ ಬಗ್ಗಡವಾಗುತ್ತದೆ. ಆದರೂ ಗಾಬರಿ ಬೇಡ, ಒಂದು ಸೌಟು ಕುದಿನೀರು ಹಾಕಿ ಕದಡಿದರೆ ಬಹುಮಟ್ಟಿಗೆ ತಿಳಿಯಾಗುತ್ತದೆ.

ಇನ್ನು ಅನಾನಸ್. ದೊಡ್ಡ ಹಣ್ಣು ಎರಡಿದ್ದರೆ ಸೋಸಿದ ರಸ ಒಂದು ಲೀಟರ್ ಸಿಗುತ್ತದೆ. ಅದನ್ನು ಒಂದು ಕುದಿ ಬರಿಸಿ ಆರಿಸಿ. ನಾಲಿಗೆ ಚುರುಗುಟ್ಟಿಸುವ ಬ್ರೊಮೆಲಿನ್ ಎಂಬ ಕಿಣ್ವ ಬಿಸಿಗೆ ಸಾಯುತ್ತದೆ, ರಸ ಮಾರನೇ ದಿನದವರೆಗೆ ಹುಳಿಯದೆ ಉಳಿಯುತ್ತದೆ, ಮೇಲೆ ಬರುವ ನೊರೆಯನ್ನು ಚಮಚದಿಂದ ತೆಗೆದುಬಿಡಲೂ ಆಗುತ್ತದೆ. ಪುನರ್ಪುಳಿ, ಪಾಕ, ಚಹಾ, ಅನಾನಸ್ ನಾಲ್ಕನ್ನೂ ಕೂಡಿಸಿ, ಕಾಲು ಚಮಚ ಉಪ್ಪು ಹಾಕಿ ಕದಡಿದರೆ ಐದು ಲೀಟರಿಗೂ ತುಸು ಹೆಚ್ಚು ಗಟ್ಟಿ ಪಾಲು ಸಿದ್ಧ. ಪಾತ್ರೆ ಸ್ಟೀಲಿನದೋ ಗಾಜಿನದೋ ಆಗಿರಲಿ. ಅಟ್ಟದಿಂದ ಇಳಿಸಿದ ಹಿತ್ತಾಳೆ ಹಂಡೆ ನೋಡಲು ಚಂದ, ಆದರೆ ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಮೂರೂ ಹುಳಿಗೆ ಕರಗಿ ಪಾನೀಯಕ್ಕಿಳಿಯುತ್ತವೆ.

ರುಚಿಯನ್ನು ಯಾವಾಗಲೂ ತಣ್ಣಗಾದ ಮೇಲೆ, ಸೋಡಾ ಬೆರೆಸಿ ನೋಡಬೇಕು. ತಂಪು ನಾಲಿಗೆಗೆ ಸಿಹಿಯನ್ನು ಕಡಿಮೆ ಮಾಡಿ ತೋರಿಸುತ್ತದೆ, ಬಿಸಿಯಲ್ಲಿ ಸರಿಯೆನಿಸಿದ್ದು ಐಸಿನೊಂದಿಗೆ ಸಪ್ಪೆ. ಅರ್ಧ ಲೋಟ ಗಟ್ಟಿ ಪಾಲಿಗೆ ಕಾಲು ಲೋಟಕ್ಕಿಂತ ತುಸು ಹೆಚ್ಚು ಸೋಡಾ ಹಾಕಿ ಒಂದು ಗುಟುಕು ಕುಡಿದು ಆಮೇಲೆ ತಿದ್ದಿ.

ನಿಂಬೆ ಮತ್ತು ಮೋಸಂಬಿ ಮಾತ್ರ ಆ ದಿನದ್ದೇ ಆಗಬೇಕು. ಏಳೆಂಟು ನಿಂಬೆಯ ರಸ, ಸುಮಾರು 120 ಮಿಲಿ, ಬಡಿಸುವ ಒಂದು ಗಂಟೆ ಮುಂಚೆ ಹಿಂಡಿ. ಬೀಜ ಜಜ್ಜುವಂತೆ, ಸಿಪ್ಪೆ ತಿರುಚುವಂತೆ ಹಿಂಡಬೇಡಿ. ಮೋಸಂಬಿ ಇನ್ನೂ ಹಠಮಾರಿ: ಹಿಂಡಿದಾಗ ಸಿಹಿ, ಇಡುತ್ತ ಹೋದಂತೆ ಕಹಿ. ರಸದಲ್ಲಿರುವ ರುಚಿಯಿಲ್ಲದ ಅಂಶವೊಂದು ಹುಳಿಯ ಜೊತೆ ನಿಂತು ಲಿಮೊನಿನ್ ಆಗುವುದೇ ಅದಕ್ಕೆ ಕಾರಣ. ಸಕ್ಕರೆ ಸುರಿದರೂ ಆ ಕಹಿ ಹೋಗದು. ಹಾಗಾಗಿ ಈ ಪಂಚಿಗೆ ಮೋಸಂಬಿ ಇಲ್ಲದಿದ್ದರೇ ನೆಮ್ಮದಿ.

ಐಸಿನ ವಿಷಯ ಸ್ವಲ್ಪ ನಿಂತು ಹೇಳಬೇಕು. ಟ್ರೇಯ ಸಣ್ಣ ತುಂಡುಗಳು ಪಂಚಿನ ಪಾತ್ರೆಗಲ್ಲ, ಲೋಟಕ್ಕೆ. ಪಾತ್ರೆಗೆ ದೊಡ್ಡ ಗಡ್ಡೆ ಬೇಕು. ಅಷ್ಟೇ ತೂಕದ ಚೂರುಗಳಿಗಿಂತ ಗಡ್ಡೆಗೆ ಪಾನೀಯ ತಾಗುವ ಮೈ ಕಡಿಮೆ, ಅದಕ್ಕೇ ನಿಧಾನ ಕರಗುತ್ತದೆ. ಒಂದು ಲೀಟರಿನ ಸ್ಟೀಲ್ ಡಬ್ಬಿಯಲ್ಲಿ ಕುದಿಸಿ ಆರಿಸಿದ ನೀರನ್ನು ಮುಕ್ಕಾಲು ತುಂಬಿ ಹಿಂದಿನ ರಾತ್ರಿಯೇ ಫ್ರೀಜರಿಗಿಡಿ, ಪೂರ್ತಿ ತುಂಬಿದರೆ ಉಬ್ಬಿ ಮುಚ್ಚಳ ಏಳುತ್ತದೆ. ನೀರಿನ ಬದಲು ಗಟ್ಟಿ ಪಾಲನ್ನೇ ಅರ್ಧ ನೀರು ಬೆರೆಸಿ ಗಡ್ಡೆ ಕಟ್ಟಿಸಿದರೆ ಕರಗಿದಷ್ಟೂ ಪಂಚೇ. ಹೊರಗಿನಿಂದ ಲಾದಿ, ಅಂದರೆ ಐಸಿನ ದೊಡ್ಡ ದಿಮ್ಮಿ, ತರಿಸುವವರು ಬಣ್ಣ ನೋಡಿ. ತಿನ್ನಲು ಯೋಗ್ಯವಲ್ಲದ ಐಸಿಗೆ ನೀಲಿ ಬಣ್ಣ ಹಾಕಬೇಕೆಂದು 2018ರಲ್ಲಿ ನಿಯಮ ಬಂದಿದೆ; ಅದು ಮೀನು ಕೆಡದಂತಿಡುವ ಐಸು. ಬಿಳಿಯಾಗಿದ್ದರೂ ಗೋಣಿಯಲ್ಲಿ ಸುತ್ತಿ ಬಂದದ್ದನ್ನು ಪಂಚಿನೊಳಗೆ ಹಾಕದೆ, ದೊಡ್ಡ ಟಬ್ಬಿನಲ್ಲಿ ಒಡೆದು, ಎರಡು ಹಿಡಿ ಕಲ್ಲುಪ್ಪು ಎರಚಿ, ಅದರ ನಡುವೆ ಪಾತ್ರೆ ಕೂರಿಸಿ. ತೆಳುವಾಗುವ ಭಯವೇ ಇಲ್ಲದೆ ತಂಪು ನಿಲ್ಲುತ್ತದೆ.

ನೆಂಟರು ಕೂತ ಮೇಲೆ ಗಟ್ಟಿ ಪಾಲಿನ ಅರ್ಧ ಪಾತ್ರೆಗೆ, ನಿಂಬೆರಸದ ಅರ್ಧ ಅದಕ್ಕೆ, ಆಮೇಲೆ ಫ್ರಿಜ್ಜಿನಿಂದ ಆಗಷ್ಟೇ ತೆಗೆದ 750 ಮಿಲಿ ಸೋಡಾ ಬಾಟಲಿ ಎರಡು. ಬೆಚ್ಚಗಿನ ಸೋಡಾ ಬಗ್ಗಿಸುತ್ತಲೇ ಗ್ಯಾಸ್ ಕಳೆದುಕೊಳ್ಳುತ್ತದೆ. ಪಾತ್ರೆಯ ಗೋಡೆಗೆ ತಾಗಿಸಿ ನಿಧಾನ ಸುರಿದು, ಸೌಟಿನಿಂದ ಒಂದೇ ಸಲ ಕೆಳಗಿನಿಂದ ಮೇಲಕ್ಕೆತ್ತಿ, ಬಿಟ್ಟುಬಿಡಿ. ಉಳಿದರ್ಧ ಫ್ರಿಜ್ಜಿನಲ್ಲೇ ಇರಲಿ. ಮೇ ತಿಂಗಳ ಸೆಕೆಯಲ್ಲಿ ಹಣ್ಣಿನ ರಸ ತಂಪಿಲ್ಲದೆ ಒಂದು ಗಂಟೆಗಿಂತ ಹೆಚ್ಚು ಹೊರಗಿರಬಾರದು. ನಲ್ಲಿ ಇರುವ ಜಗ್ಗಿನಲ್ಲಿಡುವವರು ಕಾಮಕಸ್ತೂರಿ ಬೀಜ, ಹಣ್ಣಿನ ತಿರುಳು ಯಾವುದನ್ನೂ ಒಳಗೆ ಹಾಕಬೇಡಿ, ನಲ್ಲಿ ಕಟ್ಟಿಕೊಂಡು ಎಲ್ಲರೆದುರು ಜಗ್ಗು ಬಗ್ಗಿಸಬೇಕಾಗುತ್ತದೆ. ಸೋಡಾವನ್ನೂ ಲೋಟಕ್ಕೇ ಹಾಕಿ.

ಹೋಳುಗಳಿಗೆ ದಾಳಿಂಬೆ ಕಾಳು, ಅನಾನಸಿನ ಸಣ್ಣ ತುಂಡು, ತೆಳು ನಿಂಬೆ ಬಿಲ್ಲೆ ಸಾಕು. ಬಾಳೆಹಣ್ಣು ಬೇಡವೇ ಬೇಡ. ಪುದೀನ ಜಜ್ಜದೆ ಅಂಗೈಯಲ್ಲಿ ಒಮ್ಮೆ ತಟ್ಟಿ ಹಾಕಿ. ಎರಡು ಚಮಚ ಪನ್ನೀರು ಕೊನೆಗೆ ಹಾಕಬಹುದು. 1638ರಲ್ಲಿ ಸೂರತ್ತಿಗೆ ಬಂದಿದ್ದ ಜರ್ಮನ್ ಪ್ರವಾಸಿ ಮಾಂಡೆಲ್ಸ್ಲೋ ಬರೆದಿಟ್ಟ ಪಂಚಿನಲ್ಲೂ ಮದ್ಯ, ನಿಂಬೆಜಾತಿಯ ರಸ, ಸಕ್ಕರೆಯ ಜೊತೆಗೆ ಪನ್ನೀರು ಇತ್ತು. ಮಕ್ಕಳಿಗೆಂದು ಐಸ್‌ಕ್ರೀಮ್ ತೇಲಿಸುವ ರೂಢಿಯೊಂದು ಬಂದಿದೆ, ಪುನರ್ಪುಳಿಯ ಹುಳಿಗೆ ಹಾಲು ಒಡೆದು ಚೂರುಚೂರಾಗುತ್ತದೆ.

ಚಳಿಗಾಲದಲ್ಲಿ ಪುಣೆಯವರಿಗೆ ಮಹಾಬಳೇಶ್ವರದ ಸ್ಟ್ರಾಬೆರಿ ಇದೆ: ಅನಾನಸಿನ ಜಾಗಕ್ಕೆ ಒಂದು ಕಿಲೋ ಅರೆದು ಸೋಸಿ, ಪುನರ್ಪುಳಿ ಅರ್ಧಕ್ಕಿಳಿಸಿ. ಆಪೂಸಿನ ರಸ ಮಾತ್ರ ಪಂಚಿಗೆ ಹೊಂದದು. ದಪ್ಪವಾಗಿ ತಳ ಹಿಡಿಯುತ್ತದೆ, ಸೋಡಾ ಬಿದ್ದರೆ ನೊರೆ ಉಕ್ಕುತ್ತದೆ. ಮಾವೇ ಬೇಕಿದ್ದರೆ ಬೇಯಿಸಿದ ಮಾವಿನಕಾಯಿ ತಿರುಳನ್ನು ಹುಳಿಯ ಪಾಲಾಗಿ ಬಳಸಿ.

ಮದ್ಯ ಬೇಕೆನ್ನುವ ಮನೆಗಳಲ್ಲಿ ಅದನ್ನು ದೊಡ್ಡ ಪಾತ್ರೆಗೆ ಬೆರೆಸದೆ ಬಾಟಲಿಯಲ್ಲೇ ಪಕ್ಕಕ್ಕಿಡಿ, ಬೇಕಾದವರು 30 ಮಿಲಿ ಅಳೆದು ಹಾಕಿಕೊಳ್ಳಲಿ. ಮಕ್ಕಳೂ ಮದ್ದು ತೆಗೆದುಕೊಳ್ಳುವ ಹಿರಿಯರೂ ಅದೇ ಸೌಟಿನಿಂದ ಕುಡಿಯುತ್ತಾರೆ. ಗೋವಾದ ಗೇರು ಫೆನ್ನಿಯ ವಾಸನೆ ಪುನರ್ಪುಳಿಯನ್ನು ಮುಚ್ಚಿಬಿಡುತ್ತದೆ, ಗೇರುಹಣ್ಣಿನ ರಸದ ಮೊದಲ ಭಟ್ಟಿಯಾದ ಬೇಸಿಗೆಯ ಉರ್ರಾಕ್ ಅದಕ್ಕಿಂತ ಮೆದು. ಮಹಾರಾಷ್ಟ್ರದಲ್ಲಿ ಕುಡಿಯಲು ಪರ್ಮಿಟ್ ಬೇಕು, ರಮ್ಮು ಜಿನ್ನಿನಂಥವಕ್ಕೆ ವಯಸ್ಸು 25 ದಾಟಿರಬೇಕು.

ಸಿಹಿ ಹೆಚ್ಚಾಯಿತೆಂದು ನೀರು ಹಾಕಬೇಡಿ, ತಣ್ಣನೆಯ ಡಿಕಾಕ್ಷನ್ ಅರ್ಧ ಲೋಟ, ಒಂದು ನಿಂಬೆ ಹಾಕಿ. ಹುಳಿ ಹೆಚ್ಚಾದರೆ ಪಾಕ. ಇದಕ್ಕೆಂದೇ ಒಂದು ಲೋಟ ಪಾಕ, ಒಂದು ಲೋಟ ಡಿಕಾಕ್ಷನ್ ಎತ್ತಿಡುವುದು ಒಳ್ಳೆಯದು. ನೀರು ನೀರಾಗಿದ್ದರೆ ಫ್ರಿಜ್ಜಿನಲ್ಲಿರುವ ಗಟ್ಟಿ ಪಾಲೇ ಮದ್ದು.

ಪುನರ್ಪುಳಿ ಬಟ್ಟೆಯ ಮೇಲೆ ಚೆಲ್ಲಿದರೆ ತಕ್ಷಣ ತಣ್ಣೀರು ಹಾಯಿಸಿ, ಆಮೇಲೆ ಸಾಬೂನು. ಸೋಡಾ ಬೆರೆತು ಉಳಿದದ್ದನ್ನು ಚೆಲ್ಲಿಬಿಡಿ. ಬೆರೆಸದ ಗಟ್ಟಿ ಪಾಲು ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ, ಐಸ್ ಟ್ರೇಯಲ್ಲಿ ಕಟ್ಟಿಸಿಟ್ಟರೆ ತಿಂಗಳಾದರೂ ಸರಿ. ನಾಲ್ಕು ತುಂಡಿಗೆ ಒಂದು ಲೋಟ ಸೋಡಾ.