ಜ್ವಾಲಾಮುಖಿಯೊಳಗೆ ಇಳಿದು ಸಂಜೆಗೆ ಮರಳುವುದು ಹೇಗೆ?

ಗ್ರೀಸ್ ಪ್ರವಾಸ ಎಂದರೆ ಸ್ಯಾಂಟೊರಿನಿ ಎಂದೇ ಬಹಳ ಜನ ತಿಳಿದಿದ್ದಾರೆ. ಅದೂ ಜ್ವಾಲಾಮುಖಿಯೇ. ಆದರೆ ಅದರ ದೊಡ್ಡ ಕುಳಿ ಸಮುದ್ರದಲ್ಲಿ ಮುಳುಗಿದೆ, ಪ್ರವಾಸಿಗರು ಅಂಚಿನ ಮೇಲೆ ನಿಂತು ನೀರನ್ನು ನೋಡುತ್ತಾರೆ. ಅದಕ್ಕೂ ಜಾಗ ಸಿಕ್ಕರೆ! ಕುಳಿಯೊಳಗೆ ನಡೆದುಹೋಗಿ, ನೆಲ ಬಿಸಿಯಾಗಿರುವುದನ್ನು ಕಾಲಿನಿಂದಲೇ ತಿಳಿಯಬೇಕು ಎನ್ನುವವರಿಗೆ ನಿಸಿರೋಸ್ ಒಳ್ಳೆಯ ಆಯ್ಕೆ. ಗ್ರೀಸ್‌ನ ಆಗ್ನೇಯ ಮೂಲೆಯಲ್ಲಿ, ಟರ್ಕಿಯ ಕರಾವಳಿಗೆ ಹತ್ತಿರವಿರುವ ಈ ದ್ವೀಪದ ವಿಸ್ತೀರ್ಣ ಬರೀ 41 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು ಒಂದು ಸಾವಿರ. ಉತ್ತರಕ್ಕಿರುವ ಕೋಸ್ ದ್ವೀಪದಲ್ಲಿ ತಂಗಿದ್ದು, ಬೆಳಿಗ್ಗೆ ದೋಣಿ ಹತ್ತಿ ಸಂಜೆಗೆ ಹಿಂತಿರುಗಬಹುದು.

ಮೊದಲು ಕೋಸ್ ತಲುಪಿ

ಬೆಂಗಳೂರಿನಿಂದ ಹೊರಡುವವರು ಗಲ್ಫ್ ನಗರಗಳ ಮೂಲಕ ಅಥೆನ್ಸ್‌ಗೆ ಬಂದು, ಅಲ್ಲಿಂದ ಒಂದು ಗಂಟೆಯೊಳಗಿನ ವಿಮಾನದಲ್ಲಿ ಕೋಸ್ ಸೇರಬಹುದು. ಅಥೆನ್ಸ್‌ನ ಪಿರಿಯಸ್ ಬಂದರಿನಿಂದ ದೊಡ್ಡ ಹಡಗೂ ಇದೆ. ರಾತ್ರಿಯಿಡೀ ಪ್ರಯಾಣ, ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿತಾಯ.

ಬೇಕಿರುವುದು ಷೆಂಗೆನ್ ವೀಸಾ, ಅಂದರೆ ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ; ಟರ್ಕಿ ಅದರಲ್ಲಿಲ್ಲ. ಪ್ರವಾಸಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಸಲ್ಲಿಸಬಹುದು, ಕಡೇ ಪಕ್ಷ 15 ದಿನ ಮೊದಲು ಸಲ್ಲಿಸಿರಬೇಕು. ಬೇಸಿಗೆ ರಜೆಯ ಹೊತ್ತಿಗೆ ಸಂದರ್ಶನದ ದಿನಾಂಕ ಸಿಗುವುದೇ ಕಷ್ಟ, ಆದ್ದರಿಂದ ಆರು ತಿಂಗಳ ಲೆಕ್ಕವನ್ನೇ ನೆಚ್ಚಿಕೊಳ್ಳಿ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಕೋಸ್‌ನಲ್ಲಿ ನಿಂತರೆ ಎದುರಿಗೇ ಟರ್ಕಿಯ ಬೋದ್ರುಮ್ ಕಾಣಿಸುತ್ತದೆ, ಅಲ್ಲಿಗೂ ದೋಣಿಗಳಿವೆ. ಒಂದೇ ಪ್ರವೇಶದ ಷೆಂಗೆನ್ ವೀಸಾ ಇದ್ದವರು ಆ ಆಸೆಗೆ ಬೀಳಬಾರದು: ಟರ್ಕಿಗೆ ಕಾಲಿಟ್ಟರೆ ಮತ್ತೆ ಗ್ರೀಸ್‌ನೊಳಗೆ ಬರಲಾಗದು.

ಯಾವ ಬಂದರು, ಯಾವ ತಿಂಗಳು?

ಸಾಮಾನ್ಯವಾಗಿ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಪ್ರವಾಸಿ ದೋಣಿಗಳು ಓಡಾಡುತ್ತವೆ. ಹೊರಡುವ ಮುಖ್ಯ ಜಾಗಗಳು ಎರಡು: ಕೋಸ್ ಪಟ್ಟಣ ಮತ್ತು ದಕ್ಷಿಣ ಕರಾವಳಿಯ ಕಾರ್ದಾಮೆನಾ. ಪಟ್ಟಣದಿಂದ ಹೊರಟರೆ ದ್ವೀಪವನ್ನು ಬಳಸಿಕೊಂಡು ಹೋಗಬೇಕು, ಸಮಯ ಹೆಚ್ಚು. ಕಾರ್ದಾಮೆನಾದಿಂದ ನಿಸಿರೋಸ್ ನೇರ ಎದುರಿಗಿದೆ, ಸುಮಾರು ಒಂದು ಗಂಟೆಯ ಹಾದಿ. ಘಾಟಿ ರಸ್ತೆಯಲ್ಲೇ ಹೊಟ್ಟೆ ತೊಳಸುವವರಿದ್ದರೆ ಎರಡನೆಯದನ್ನೇ ಆರಿಸಿ. ಕೋಸ್ ವಿಮಾನ ನಿಲ್ದಾಣವೂ ಕಾರ್ದಾಮೆನಾಕ್ಕೇ ಹತ್ತಿರ.

ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಮೆಲ್ತೇಮಿ ಎಂಬ ಗಾಳಿ ಬೀಸುತ್ತದೆ. ಆಕಾಶದಲ್ಲಿ ಒಂದು ಮೋಡವಿರುವುದಿಲ್ಲ, ಬಿಸಿಲು ಕಣ್ಣು ಕುಕ್ಕುತ್ತಿರುತ್ತದೆ, ಆದರೂ ದೋಣಿ ರದ್ದು! ನಮ್ಮಲ್ಲಿ ಸಮುದ್ರಕ್ಕಿಳಿಯಬೇಡಿ ಎಂಬ ಎಚ್ಚರಿಕೆ ಬರುವುದು ಹೆಚ್ಚಾಗಿ ಮಳೆಗಾಲದಲ್ಲಿ, ಹಾಗಾಗಿ ಇದು ವಿಚಿತ್ರ ಎನಿಸಬಹುದು. ಗಾಳಿ ಜೋರಾದರೆ ದೋಣಿ ಬಿಡಬಾರದೆಂದು ಬಂದರು ಅಧಿಕಾರಿಗಳು ಆದೇಶಿಸುತ್ತಾರೆ, ದೊಡ್ಡ ಹಡಗಿಗಿಂತ ಮೊದಲೇ ಸಣ್ಣ ದೋಣಿಗಳು ನಿಲ್ಲುತ್ತವೆ. ಆದ್ದರಿಂದ ಕೋಸ್‌ನ ಕಡೆಯ ದಿನಕ್ಕೆ ಈ ಪ್ರವಾಸವನ್ನು ಇಟ್ಟುಕೊಳ್ಳಬೇಡಿ, ಮೊದಲ ಅಥವಾ ಎರಡನೆಯ ದಿನವೇ ಮುಗಿಸಿ. ರದ್ದಾದರೂ ಇನ್ನೊಂದು ದಿನ ಕೈಯಲ್ಲಿರುತ್ತದೆ. ಜೂನ್ ಮತ್ತು ಸೆಪ್ಟೆಂಬರ್ ಎಲ್ಲಕ್ಕಿಂತ ಹಿತ.

ಟಿಕೆಟ್ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಗಳು

ಬಂದರಿನ ಉದ್ದಕ್ಕೂ ಫಲಕ ಹಿಡಿದು ಕೂಗುವವರಿರುತ್ತಾರೆ, ಹೋಟೆಲ್‌ನಲ್ಲೂ ಟಿಕೆಟ್ ಸಿಗುತ್ತದೆ. ಬೆಲೆಯಲ್ಲಿ ವ್ಯತ್ಯಾಸ ಕಂಡರೆ ಅದರ ಹಿಂದೆ ಕಾರಣವಿರುತ್ತದೆ. ದೋಣಿಗೆ ಮಾತ್ರವೇ, ಅಥವಾ ದ್ವೀಪದಲ್ಲಿ ಬಸ್ ಮತ್ತು ಗೈಡ್ ಕೂಡ ಸೇರಿದೆಯೇ? ಹೋಟೆಲ್‌ನಿಂದ ಬಂದರಿಗೆ ಕರೆದೊಯ್ಯುತ್ತಾರೆಯೇ? ಇಂಗ್ಲಿಷ್ ಮಾತನಾಡುವ ಗೈಡ್ ಇದ್ದಾರೆಯೇ? ಜರ್ಮನ್, ಡಚ್ ಪ್ರವಾಸಿಗರು ಹೆಚ್ಚಿರುವ ಕಡೆ ಇದನ್ನು ಕೇಳಲೇಬೇಕು. ಕುಳಿಯ ಪ್ರವೇಶ ಶುಲ್ಕ ಸಾಮಾನ್ಯವಾಗಿ ಬೇರೆ, ಅಲ್ಲಿಯೇ ಕೊಡಬೇಕಾದ ಕೆಲವೇ ಯೂರೊ. ಚಿಲ್ಲರೆ ನಗದು ಇಟ್ಟುಕೊಂಡಿರಿ.

ಗೈಡ್ ಬೇಡ, ಜನರ ದೋಣಿಯಲ್ಲಿ ನಾವೇ ಹೋಗುತ್ತೇವೆ ಎನ್ನುವವರು ಒಂದು ಸಂಗತಿ ಗಮನಿಸಬೇಕು. ದ್ವೀಪವಾಸಿಗಳ ದೋಣಿ ಅವರ ಅನುಕೂಲಕ್ಕೆ ತಕ್ಕಂತೆ ಓಡುತ್ತದೆ: ಬೆಳಿಗ್ಗೆ ನಿಸಿರೋಸ್‌ನಿಂದ ಕೋಸ್‌ಗೆ ಬರುತ್ತದೆ, ಅವರ ಕೆಲಸ, ಸಂತೆ, ಆಸ್ಪತ್ರೆ ಮುಗಿದ ಮೇಲೆ ಹಿಂತಿರುಗುತ್ತದೆ. ನಮ್ಮ ದಿನಚರಿಗೆ ಅದು ಸರಿಯಾಗಿ ಉಲ್ಟಾ. ಅದನ್ನು ಹಿಡಿದರೆ ಒಂದು ರಾತ್ರಿ ಅಲ್ಲೇ ತಂಗಬೇಕಾಗುತ್ತದೆ. ಸಮಯವಿದ್ದವರಿಗೆ ಅದೇ ಚೆಂದ. ಒಂದೇ ದಿನ ಇರುವವರಿಗೆ ಪ್ರವಾಸಿ ದೋಣಿಯೇ ಗತಿ. ಬಂದರಿನಿಂದ ಕುಳಿಗೆ ಬೆಟ್ಟ ಹತ್ತಿಳಿಯುವ ರಸ್ತೆ ಇರುವುದರಿಂದ ಬಸ್ ಸೇರಿದ ಟಿಕೆಟ್ ಕೊಳ್ಳುವುದು ಜಾಣತನ ಎಂದು ನನ್ನ ಅಭಿಪ್ರಾಯ.

ಚೀಲಕ್ಕೆ ಏನು, ಮೈಮೇಲೆ ಏನು?

ಚಪ್ಪಲಿ, ಫ್ಲಿಪ್‌ಫ್ಲಾಪ್ ಬಿಡಿ. ಕುಳಿಯ ನೆಲ ಕೆಲವೆಡೆ ಬಿಸಿಯಾಗಿರುತ್ತದೆ, ತೆಳು ರಬ್ಬರ್ ಅಟ್ಟೆ ಮೆತ್ತಗಾಗುತ್ತದೆ. ದಪ್ಪ ಅಟ್ಟೆಯ ಮುಚ್ಚಿದ ಬೂಟು ಬೇಕು, ಅದೂ ಹಳೆಯದಾಗಿದ್ದರೆ ಇನ್ನೂ ಒಳ್ಳೆಯದು. ತಲೆಗೆ ಟೋಪಿ, ಒಬ್ಬೊಬ್ಬರಿಗೆ ಒಂದೂವರೆ ಲೀಟರ್ ನೀರು. ಕುಳಿಯೊಳಗೆ ನೆರಳು ಎನ್ನುವುದೇ ಇಲ್ಲ.

ಇನ್ನೊಂದು ಮಾತು, ಇದನ್ನು ಯಾವ ಕರಪತ್ರದಲ್ಲೂ ಬರೆದಿರುವುದಿಲ್ಲ. ಗಂಧಕದ ಅನಿಲ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಕಾಲ್ಗೆಜ್ಜೆ, ಬೆಳ್ಳಿ ಸರ ಕೋಣೆಯಲ್ಲೇ ಇರಲಿ. ಕಾಲುಂಗುರ ತೆಗೆಯಲು ಮನಸ್ಸಿಲ್ಲದವರು ದಪ್ಪ ಕಾಲುಚೀಲ ಹಾಕಿಕೊಳ್ಳಲಿ.

ಆಸ್ತಮಾ ಇರುವವರು, ಗರ್ಭಿಣಿಯರು, ಹೃದ್ರೋಗಿಗಳು ಹೊರಡುವ ಮೊದಲು ವೈದ್ಯರನ್ನು ಕೇಳಬೇಕು. ಇಂಥವರು ಕುಳಿಗೆ ಇಳಿಯದೆ ಮೇಲಿನಿಂದಲೇ ನೋಡಿದರೂ ಪ್ರವಾಸ ವ್ಯರ್ಥವಾಗುವುದಿಲ್ಲ, ಅಂಚಿನಿಂದ ಪೂರ್ತಿ ಗುಂಡಿ ಕಾಣುತ್ತದೆ.

ದೋಣಿಯಲ್ಲಿ

ಬೆಳಿಗ್ಗೆ ಒಂಬತ್ತರ ಆಸುಪಾಸಿಗೆ ದೋಣಿ ಹೊರಡುತ್ತದೆ. ತೊಳಸುವಿಕೆಗೆ ಮಾತ್ರೆ ನುಂಗುವ ಅಭ್ಯಾಸವಿದ್ದರೆ ಹತ್ತುವ ಮೊದಲೇ ನುಂಗಿರಬೇಕು, ಅಲೆ ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಮುಂಭಾಗದ ನೋಟಕ್ಕೆ ಮರುಳಾಗದೆ ಹಿಂಭಾಗದಲ್ಲಿ, ನಡುಮಧ್ಯೆ ಕುಳಿತುಕೊಳ್ಳಿ. ಕುಲುಕಾಟ ಅಲ್ಲಿ ಕಡಿಮೆ.

ದಾರಿಯಲ್ಲಿ ಬೆಳ್ಳಗೆ ಕೊರೆದ ಬೆಟ್ಟವೊಂದು ನೀರಿನಿಂದ ಮೇಲೆದ್ದಂತೆ ಕಾಣುತ್ತದೆ. ಅದು ಯಾಲಿ ದ್ವೀಪ. ಅಲ್ಲಿ ಪ್ಯೂಮಿಸ್ ಎಂಬ ಹಗುರ ಜ್ವಾಲಾಮುಖಿ ಕಲ್ಲಿನ ಗಣಿಗಾರಿಕೆ ನಡೆಯುತ್ತದೆ. ಒಳಗೆಲ್ಲ ಗಾಳಿಯ ಗುಳ್ಳೆಗಳಿರುವುದರಿಂದ ನೀರಿನಲ್ಲಿ ತೇಲುವ ಈ ಕಲ್ಲನ್ನು ಹಗುರ ಕಾಂಕ್ರೀಟ್‌ಗೆ ಬಳಸುತ್ತಾರೆ. ದ್ವೀಪದ ಇನ್ನೊಂದು ಬದಿಯಲ್ಲಿ ಗಾಜಿನಂತೆ ಹೊಳೆಯುವ ಅಬ್ಸಿಡಿಯನ್ ಎಂಬ ಕಪ್ಪು ಜ್ವಾಲಾಮುಖಿ ಕಲ್ಲು ಇದೆ. ದೋಣಿ ಸಾಗುತ್ತಿರುವ ಈ ನೀರಿನ ಅಡಿಯಲ್ಲೇ ಸುಮಾರು 1,61,000 ವರ್ಷಗಳ ಹಿಂದೆ ಭಾರೀ ಸ್ಫೋಟವಾಯಿತು, ಅದರ ಬೂದಿಯ ದಪ್ಪ ಪದರ ಕೋಸ್ ದ್ವೀಪದ ಮೇಲೆ ಇಂದಿಗೂ ಉಳಿದಿದೆ. ನಿಸಿರೋಸ್‌ನ ಜ್ವಾಲಾಮುಖಿಗೆ ಅಷ್ಟು ವಯಸ್ಸಾಗಿಲ್ಲ.

ಗೈಡ್ ಹೇಳುವ ಪುರಾಣ ಕಥೆಯನ್ನು ಇಲ್ಲೇ ಕೇಳಿಸಿಕೊಂಡುಬಿಡಿ: ಸಮುದ್ರದೇವ ಪೊಸೈಡನ್ ಪಾಲಿಬೊಟೆಸ್ ಎಂಬ ದೈತ್ಯನನ್ನು ಅಟ್ಟಿಸಿಕೊಂಡು ಬಂದು, ಕೋಸ್‌ನ ಒಂದು ತುಂಡನ್ನು ತ್ರಿಶೂಲದಿಂದ ಕಿತ್ತು ಅವನ ಮೇಲೆ ಎಸೆದ. ಆ ತುಂಡೇ ನಿಸಿರೋಸ್, ಕೆಳಗೆ ಸಿಕ್ಕಿಕೊಂಡ ದೈತ್ಯನ ನರಳಾಟವೇ ಜ್ವಾಲಾಮುಖಿಯ ಸದ್ದು. ಎರಡು ಸಾವಿರ ವರ್ಷಗಳ ಹಿಂದಿನ ಭೂಗೋಳಕಾರ ಸ್ಟ್ರಾಬೊ ಕೂಡ ಈ ಕಥೆಯನ್ನು ದಾಖಲಿಸಿದ್ದಾನೆ.

ಕುಳಿಗೆ ಇಳಿಯುವುದು

ನಿಸಿರೋಸ್‌ನ ಮಂದ್ರಾಕಿ ಬಂದರಿನಲ್ಲಿ ಬಸ್ಸುಗಳು ಕಾದಿರುತ್ತವೆ. ಭಾಷೆಗೊಂದು ಬಸ್, ನಿಮ್ಮದು ಯಾವುದೆಂದು ಇಳಿಯುವ ಮೊದಲೇ ಕೇಳಿಟ್ಟುಕೊಳ್ಳಿ. ಬಸ್ ಬೆಟ್ಟದ ಅಂಚು ಏರಿ, ತಿರುವುಗಳಲ್ಲಿ ಇಳಿದು, ಸುಮಾರು ನಾಲ್ಕು ಕಿಲೋಮೀಟರ್ ಅಗಲದ ಬಟ್ಟಲಿನಂಥ ತಗ್ಗಿಗೆ ಬರುತ್ತದೆ. ಇದೇ ಕ್ಯಾಲ್ಡೆರಾ: ಒಳಗಿನ ಶಿಲಾಪಾಕ ಹೊರಚೆಲ್ಲಿದ ಮೇಲೆ ಆಧಾರವಿಲ್ಲದ ಚಾವಣಿ ಕುಸಿದು ಆದ ಹಳ್ಳ. ಅದರ ತಳದ ಬಯಲಿಗೆ ಲಕ್ಕಿ ಎಂದು ಹೆಸರು. ದ್ವೀಪದ ಅತಿ ಎತ್ತರದ ಶಿಖರ ಪ್ರೊಫಿತಿಸ್ ಇಲಿಯಾಸ್, 698 ಮೀಟರ್.

ಬಯಲಿನಲ್ಲಿರುವ ಹಲವು ಕುಳಿಗಳಲ್ಲಿ ಪ್ರವಾಸಿಗರು ಇಳಿಯುವುದು ಸ್ಟೆಫನೋಸ್‌ಗೆ. ಅಗಲ ಸುಮಾರು 300 ಮೀಟರ್, ಆಳ 27 ಮೀಟರ್. ಕೆಂಪಗೆ ಕುದಿಯುವ ಲಾವಾ ನೋಡುವ ಆಸೆಯಿದ್ದರೆ ಬಸ್ಸಿನಲ್ಲೇ ಬಿಟ್ಟುಬಿಡಿ, ಇಲ್ಲಿ ಲಾವಾ ಇಲ್ಲ. ನೆಲದೊಳಗೆ ಇಂಗಿದ ಮಳೆನೀರು ಮತ್ತು ಸಮುದ್ರದ ನೀರು ಕೆಳಗಿನ ಶಾಖಕ್ಕೆ ಕಾದು, ಆವಿಯ ಒತ್ತಡ ಹೆಚ್ಚಿ, ಮೇಲಿನ ನೆಲವನ್ನು ಸಿಡಿಸಿದ್ದರಿಂದ ಆದ ಗುಂಡಿ ಇದು. ಇಂಥ ಆವಿ ಸ್ಫೋಟಗಳು ಇಲ್ಲಿ 1871ರಿಂದ 1873ರವರೆಗೆ ಮತ್ತು 1887ರಲ್ಲಿ ಆದವು. 1996–97ರಲ್ಲಿ ಭೂಕಂಪಗಳು ದ್ವೀಪವನ್ನು ನಡುಗಿಸಿದವು, 2001–02ರಲ್ಲಿ ಲಕ್ಕಿ ಬಯಲಿನಲ್ಲಿ ಉದ್ದನೆಯ ಬಿರುಕು ಬಿಟ್ಟಿತು. ಮಲಗಿದೆ, ಸತ್ತಿಲ್ಲ. ಹಾಗಾಗಿ ವಿಜ್ಞಾನಿಗಳು ಇದರ ಮೇಲೆ ಕಣ್ಣಿಟ್ಟಿದ್ದಾರೆ.

ಕುಳಿಗೆ ಸಿಗುವ ಸಮಯ ಹೆಚ್ಚೆಂದರೆ ಮುಕ್ಕಾಲು ಗಂಟೆ. ಬಸ್ ಇಳಿದ ತಕ್ಷಣ ಅನೇಕರು ಪಕ್ಕದ ಉಪಾಹಾರದಂಗಡಿಗೆ ತಿರುಗುತ್ತಾರೆ. ನೀವು ನೇರ ಕಾಲುದಾರಿ ಹಿಡಿದು ಕೆಳಗಿಳಿಯಿರಿ, ಕಾಫಿಯನ್ನು ಬಂದರಿನಲ್ಲೂ ಕುಡಿಯಬಹುದು. ಕೊಳೆತ ಮೊಟ್ಟೆಯ ವಾಸನೆ ಮೊದಲು ಮೂಗಿಗೆ ಬಡಿಯುತ್ತದೆ, ಐದು ನಿಮಿಷದಲ್ಲಿ ಅಭ್ಯಾಸವಾಗುತ್ತದೆ. ಆದರೆ ವಾಸನೆ ಕಡಿಮೆಯಾಯಿತೆಂದರೆ ಅನಿಲ ಕಡಿಮೆಯಾಯಿತೆಂದು ಅರ್ಥವಲ್ಲ. ದಣಿದ ಮೂಗು ಅದನ್ನು ಗುರುತಿಸುವುದನ್ನು ಬಿಟ್ಟಿರುತ್ತದೆ. ತಲೆಸುತ್ತು ಬಂದರೆ ತಡಮಾಡದೆ ಮೇಲೆ ಹತ್ತಿ.

ತಳದ ನೆಲ ಬೂದುಬಿಳಿ, ನಡುವೆ ನಡೆದರೆ ಕೆಲವೆಡೆ ಟೊಳ್ಳು ಸದ್ದು. ಆವಿ ಹೊರಡುವ ರಂಧ್ರಗಳ ಬಳಿ ಮಂಡಿಯೂರಿ ನೋಡಿ. ಕೆಲವು ಬೆರಳು ತೂರುವಷ್ಟೇ ಅಗಲ. ಬಾಯಿಯ ಸುತ್ತ ನಿಂಬೆ ಹಳದಿಯ ಸೂಜಿಗಳು ಒಂದರ ಮೇಲೊಂದು ನೇಯ್ದುಕೊಂಡಿರುತ್ತವೆ. ಅದು ಅನಿಲದಿಂದ ಆಗಷ್ಟೇ ಹರಳುಗಟ್ಟಿದ ಗಂಧಕ, ಬೆರಳು ತಾಗಿದರೆ ಪುಡಿಯಾಗುವಷ್ಟು ನಾಜೂಕು. ಅದನ್ನು ಮುಟ್ಟಬೇಡಿ, ಚೀಲಕ್ಕೂ ಹಾಕಿಕೊಳ್ಳಬೇಡಿ. ಒಳಗಿನಿಂದ ಬರುವ ಆವಿಯ ಶಾಖ ಸುಮಾರು 100 ಡಿಗ್ರಿ ಸೆಲ್ಸಿಯಸ್, ಕೈ ಅಡ್ಡ ಹಿಡಿದರೆ ಬೊಬ್ಬೆ ಏಳುವುದು ಖಚಿತ. ಕೆಲವು ಕಡೆ ಹಗ್ಗ ಕಟ್ಟಿರುತ್ತಾರೆ. ಅದರಾಚೆ ಮೇಲ್ಪದರ ತೆಳುವಾಗಿದ್ದು, ಕೆಳಗೆ ಕುದಿಯುವ ಕೆಸರಿದೆ. ಚೆಂದದ ಫೋಟೊಗಾಗಿ ಹಗ್ಗ ದಾಟುವವರು ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಇರುತ್ತಾರೆ, ನಿಮ್ಮ ಮಕ್ಕಳು ಅವರನ್ನು ನೋಡಿ ಹಿಂಬಾಲಿಸದಂತೆ ಕೈ ಹಿಡಿದಿರಿ.

ಹದಿನೈದು ನಿಮಿಷ ಮಿಕ್ಕರೆ ಮೇಲೆ ಬಂದು ಹತ್ತಿರದ ಪಾಲಿಬೊಟೆಸ್ ಕುಳಿಯತ್ತ ನಡೆಯಿರಿ. ಚಿಕ್ಕದು, ಆದರೆ ಜನಸಂದಣಿ ಇಲ್ಲ.

ಮಂದ್ರಾಕಿಯಲ್ಲಿ ಗೈಡನ್ನು ಬಿಡಿ

ಕುಳಿಯವರೆಗೆ ಗೈಡ್ ಬೇಕು, ಊರಿನಲ್ಲಿ ಬೇಡ. ಬಸ್ ಮರಳಿದ ಮೇಲೆ ಎರಡು ಗಂಟೆಯ ಬಿಡುವು ಸಿಗುತ್ತದೆ. ಗೈಡ್ ತೋರಿಸುವ ದಡದ ಹೋಟೆಲ್‌ಗೆ ಗುಂಪು ಹೊರಡುವಾಗ ನೀವು ಒಳ ಓಣಿಗಳಿಗೆ ತಿರುಗಿ. ಬೆಟ್ಟದ ತುದಿಯಲ್ಲಿ, ಹಳೆಯ ಕೋಟೆಯೊಳಗೆ, ಗುಹೆಯಲ್ಲೇ ಕೊರೆದ ಪನಾಯಿಯಾ ಸ್ಪಿಲಿಯಾನಿ ಎಂಬ ಚರ್ಚ್ ಇದೆ. ಮೆಟ್ಟಿಲು ಹತ್ತಬೇಕು, ಭುಜ ಮತ್ತು ಮೊಣಕಾಲು ಮುಚ್ಚಿರಬೇಕು. ಇನ್ನೊಂದು ಬದಿಗೆ ಇಳಿದರೆ ಕಪ್ಪು ಉರುಟು ಕಲ್ಲಿನ ಹೊಹ್ಲಾಕಿ ಕಡಲತೀರ, ಅಲೆ ಹಿಂದೆ ಸರಿಯುವಾಗ ಕಲ್ಲುಗಳು ಉರುಳುವ ಸದ್ದು ಕೇಳುವಂಥದ್ದು.

ಊಟಕ್ಕೆ ಇಲಿಕಿಯೊಮೆನಿ ಚೌಕಕ್ಕೆ ಬನ್ನಿ. ಫೈಕಸ್ ಜಾತಿಯ ದೊಡ್ಡ ಮರಗಳ ನೆರಳಲ್ಲಿ ಮುದುಕರು ಮಾತಿಗೆ ಕೂತಿರುತ್ತಾರೆ, ನಮ್ಮ ಅರಳಿಕಟ್ಟೆಯ ಹಾಗೆಯೇ. ಸಸ್ಯಾಹಾರಿಗಳಿಗೆ ಇಲ್ಲಿ ಕಷ್ಟವಿಲ್ಲ: ಕಡಲೆಯನ್ನು ಅರೆದು ಕರಿದ ಪಿತಿಯಾ ಈ ದ್ವೀಪದ ವಿಶೇಷ. ತರಕಾರಿಯನ್ನು ಆಲಿವ್ ಎಣ್ಣೆಯಲ್ಲಿ ಬೇಯಿಸಿದ ಲಾದೆರಾ ಅಡುಗೆಗಳೂ ಸಿಗುತ್ತವೆ. ಉಪವಾಸದ ಊಟ ಎಂದು ಸೂಚಿಸಿದ್ದರೆ ಮಾತ್ರ ಒಮ್ಮೆ ಕೇಳಿ ನೋಡಿ. ಗ್ರೀಕರ ಉಪವಾಸದಲ್ಲಿ ಮಾಂಸ, ಹಾಲು, ಮೊಟ್ಟೆ ನಿಷಿದ್ಧ, ಆದರೆ ಸಿಗಡಿ, ಆಕ್ಟೋಪಸ್ ನಡೆಯುತ್ತದೆ. ಕುಡಿಯಲು ಸುಮಾದಾ ಕೇಳಿ, ಬಾದಾಮಿಯ ಪಾಕಕ್ಕೆ ತಣ್ಣೀರು ಬೆರೆಸಿದ ಪಾನಕ. ಅದರ ಬಾಟಲಿ ಕೊಂಡರೆ ವಿಮಾನದಲ್ಲಿ ದೊಡ್ಡ ಸೂಟ್‌ಕೇಸಿನೊಳಗೆ ಇಡಬೇಕು, ಕೈಚೀಲದಲ್ಲಿಟ್ಟರೆ ತಪಾಸಣೆಯಲ್ಲಿ ಕಿತ್ತುಕೊಳ್ಳುತ್ತಾರೆ.

ಹೊಟ್ಟೆ ಬಿರಿಯುವಷ್ಟು ತಿನ್ನಬೇಡಿ. ಕೋಸ್ ಇರುವುದು ಉತ್ತರಕ್ಕೆ, ಮೆಲ್ತೇಮಿ ಬೀಸುವುದೂ ಉತ್ತರದಿಂದ. ಬೆಳಿಗ್ಗೆ ಗಾಳಿ ಬೆನ್ನಿಗಿತ್ತು, ಮಧ್ಯಾಹ್ನ ಅದು ಎದುರಿಗೆ ಬರುತ್ತದೆ. ಬೆಳಿಗ್ಗೆ ಸುಮ್ಮನಿದ್ದ ಸಮುದ್ರ ಮೂರೂವರೆ, ನಾಲ್ಕರ ಹೊತ್ತಿಗೆ ದೋಣಿಯ ಮೂತಿಗೆ ಅಪ್ಪಳಿಸಿ, ಮುಂದೆ ಕುಳಿತವರನ್ನು ತೋಯಿಸುತ್ತದೆ. ಎರಡನೆಯ ಮಾತ್ರೆಯ ಸಮಯ ನೋಡಿಕೊಂಡು, ಹೊರಡುವ ಸಮಯಕ್ಕೆ ಹದಿನೈದು ನಿಮಿಷ ಮೊದಲೇ ದಡಕ್ಕೆ ಬಂದು, ಹಿಂಭಾಗದ ಒಳ ಸೀಟು ಹಿಡಿಯಿರಿ. ತಪ್ಪಿಸಿಕೊಂಡವರಿಗಾಗಿ ದೋಣಿ ಕಾಯುವುದಿಲ್ಲ, ಮುಂದಿನ ಪ್ರವಾಸಿ ದೋಣಿ ಮರುದಿನವೇ.